ಸೋಲಾರ್ ಕರೆಂಟ್ ಇಷ್ಟು ಅಗ್ಗವಾದರೂ ಮೈಸೂರಿನ ಮನೆಯ ಬಿಲ್ ಏಕೆ ಇಳಿಯುವುದಿಲ್ಲ?

ನೀವು ಕೇಳಿರುವುದರಲ್ಲಿ ಎರಡು ಪ್ರಶ್ನೆಗಳಿವೆ. ಸೋಲಾರ್ ವಿದ್ಯುತ್ತು ಯೂನಿಟ್‌ಗೆ ಎರಡೂವರೆ ರೂಪಾಯಿಗೆ ಸಿಗುತ್ತದೆ ಎಂದು ಪತ್ರಿಕೆಯಲ್ಲಿ ಓದಿದ್ದೀರಿ, ಹಾಗಿದ್ದರೆ ಕುವೆಂಪುನಗರದ ನಿಮ್ಮ ಮನೆಯ ಬಿಲ್ ಏಕೆ ಇಳಿಯುತ್ತಿಲ್ಲ ಎಂಬುದು ಒಂದು. ತಾರಸಿಯ ಮೇಲೆ ನೀವೇ ಸೋಲಾರ್ ಹಾಕಿಸಿಕೊಂಡರೆ ಹೇಗೆ ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಚಿಕ್ಕದು, ಕೊನೆಯಲ್ಲಿ ಹೇಳುತ್ತೇನೆ. ಮೊದಲನೆಯದು ನನ್ನ ಅನ್ನದ ಪ್ರಶ್ನೆ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದಕ್ಕೆ ವಿದ್ಯುತ್ ಖರೀದಿಯ ಲೆಕ್ಕ ನೋಡುವುದು ನನ್ನ ಕೆಲಸ.

ಎರಡೂವರೆ ರೂಪಾಯಿ ಸುಳ್ಳೇನೂ ಅಲ್ಲ. 2017ರಲ್ಲಿ ರಾಜಸ್ಥಾನದ ಭಡ್ಲಾ ಸೋಲಾರ್ ಪಾರ್ಕಿನ ಟೆಂಡರ್‌ನಲ್ಲಿ 2.44 ರೂಪಾಯಿ ಬಂದಾಗ ಈ ವ್ಯವಹಾರದವರೆಲ್ಲ ಹುಬ್ಬೇರಿಸಿದ್ದರು. 2020ರ ಕೊನೆಗೆ ಗುಜರಾತಿನಲ್ಲಿ ಅದು 1.99ಕ್ಕೆ ಇಳಿಯಿತು. ಆದರೆ ಅದು ಬಿಸಿಲಿರುವ ಹೊತ್ತಿನಲ್ಲಿ, ಸ್ಥಾವರದ ಗೇಟಿನ ಬಳಿ ಸಿಗುವ ವಿದ್ಯುತ್ತಿನ ಬೆಲೆ. ನೀವು ಮಿಕ್ಸಿ, ಟಿವಿ, ದೀಪ ಎಲ್ಲವನ್ನೂ ಹಾಕುವುದು ಸಂಜೆ ಏಳಕ್ಕೆ. ಆ ಎರಡು ಯೂನಿಟ್‌ಗಳನ್ನು ಮಾರುಕಟ್ಟೆ ಒಂದೇ ಸರಕೆಂದು ಎಣಿಸುವುದೇ ಇಲ್ಲ.

ಮಾರುಕಟ್ಟೆ ಎಂದರೆ ನಿಜವಾದ ಮಾರುಕಟ್ಟೆಯೇ. ಇಂಡಿಯನ್ ಎನರ್ಜಿ ಎಕ್ಸ್‌ಚೇಂಜ್ 2008ರಲ್ಲಿ ಶುರುವಾಯಿತು. ದಿನವನ್ನು ಹದಿನೈದು ನಿಮಿಷಗಳ 96 ತುಂಡುಗಳಾಗಿ ಮಾಡಿ, ನಾಳೆಯ ಒಂದೊಂದು ತುಂಡಿಗೂ ಇಂದು ಬೆಳಿಗ್ಗೆ ಹತ್ತರಿಂದ ಹನ್ನೆರಡರ ಒಳಗೆ ಕೊಳ್ಳುವವರಿಂದಲೂ ಮಾರುವವರಿಂದಲೂ ಬಿಡ್ ತೆಗೆದುಕೊಳ್ಳುತ್ತಾರೆ. ಮಂಡ್ಯದ ಎಪಿಎಂಸಿಯಲ್ಲಿ ಬೆಲ್ಲ ಹರಾಜಾಗುವಾಗ ಬಣ್ಣ, ಗಟ್ಟಿತನ ನೋಡಿ ಒಬ್ಬೊಬ್ಬರ ಸರಕಿಗೆ ಒಂದೊಂದು ಬೆಲೆ ಕಟ್ಟುತ್ತಾರೆ. ಇಲ್ಲಿ ಹಾಗಿಲ್ಲ. ಬೇಡಿಕೆ ತುಂಬಲು ಕೊನೆಯದಾಗಿ ಯಾರ ಬಿಡ್ ಬೇಕಾಯಿತೋ ಅವರ ಬೆಲೆಯೇ ಆ ಹದಿನೈದು ನಿಮಿಷಕ್ಕೆ ಎಲ್ಲರ ಬೆಲೆ. ಮಧ್ಯಾಹ್ನ ಸೋಲಾರ್ ತುಂಬಿ ತುಳುಕುವಾಗ, ಅದರಲ್ಲೂ ಕಾರ್ಖಾನೆಗಳು ಮುಚ್ಚಿರುವ ಭಾನುವಾರ, ದರ ಒಂದೆರಡು ರೂಪಾಯಿಗೆ ಬೀಳುವುದನ್ನು ನೋಡುತ್ತಿರುತ್ತೇನೆ. ಬೇಸಿಗೆಯ ಅದೇ ದಿನ ಸಂಜೆ ಅದು ನಿಯಂತ್ರಕರು ಹಾಕಿರುವ ಹತ್ತು ರೂಪಾಯಿಯ ಗರಿಷ್ಠ ಮಿತಿಗೆ ಹೋಗಿ ಅಂಟಿಕೊಂಡಿರುತ್ತದೆ.

ಹಾಗೆಂದು ನಿಮ್ಮ ಮನೆಯ ವಿದ್ಯುತ್ತು ಈ ಮಾರುಕಟ್ಟೆಯಿಂದಲೇ ಬರುತ್ತದೆ ಎಂದುಕೊಳ್ಳಬೇಡಿ. ದೇಶದ ವಿದ್ಯುತ್ತಿನಲ್ಲಿ ಹತ್ತರಲ್ಲೊಂದು ಪಾಲಿನ ಆಸುಪಾಸು ಮಾತ್ರ ಹೀಗೆ ದಿನದ ಬೆಲೆಗೆ ಕೈ ಬದಲಾಯಿಸುತ್ತದೆ. ಉಳಿದದ್ದು ದೀರ್ಘಾವಧಿ ಒಪ್ಪಂದದ್ದು, ಬಹುಪಾಲು 25 ವರ್ಷಗಳದ್ದು. ಬಿಲ್ಲಿನ ಗುಟ್ಟು ಇರುವುದು ಈ ಒಪ್ಪಂದಗಳಲ್ಲಿ.

ಕಲ್ಲಿದ್ದಲು ಸ್ಥಾವರಕ್ಕೆ ಕೊಡುವ ಹಣದಲ್ಲಿ ಎರಡು ಭಾಗಗಳಿವೆ. ಒಂದು ನಿಗದಿತ ಶುಲ್ಕ. ಸ್ಥಾವರ ಸಿದ್ಧವಾಗಿ ನಿಂತಿದ್ದರೆ ಸಾಕು, ನೀವು ವಿದ್ಯುತ್ತು ಪಡೆದರೂ ಬಿಟ್ಟರೂ ಅದನ್ನು ಕಟ್ಟಲೇಬೇಕು. ಇನ್ನೊಂದು ಸುಟ್ಟ ಕಲ್ಲಿದ್ದಲಿನ ಬೆಲೆ. ಲೆಕ್ಕಕ್ಕೆಂದು ಮೊದಲನೆಯದನ್ನು ಯೂನಿಟ್‌ಗೆ ಎರಡು ರೂಪಾಯಿ, ಎರಡನೆಯದನ್ನು ನಾಲ್ಕು ರೂಪಾಯಿ ಎಂದಿಟ್ಟುಕೊಳ್ಳಿ. ಎರಡೂವರೆ ರೂಪಾಯಿಯ ಸೋಲಾರ್ ಬಂದಾಗ ಆರರಲ್ಲಿ ಮೂರೂವರೆ ಉಳಿಯಿತು ಎಂದು ಅನ್ನಿಸುತ್ತದೆ. ಉಳಿಯುವುದು ಒಂದೂವರೆ ಮಾತ್ರ, ಏಕೆಂದರೆ ಆ ಎರಡು ರೂಪಾಯಿ ಹೇಗೂ ಹೋಗುತ್ತದೆ. ಸಂಜೆ ಸೂರ್ಯ ಮುಳುಗಿದ ಮೇಲೆ ಬೇಕಾಗುವುದು ಅದೇ ಸ್ಥಾವರ. ಇನ್ನೊಂದು ತೊಡಕೂ ಇದೆ. ದೊಡ್ಡ ಬಾಯ್ಲರನ್ನು ಮಧ್ಯಾಹ್ನ ಆರಿಸಿ ಸಂಜೆ ಹೊತ್ತಿಸಲು ಬರುವುದಿಲ್ಲ. ಸಾಮಾನ್ಯವಾಗಿ ಸಾಮರ್ಥ್ಯದ ನೂರಕ್ಕೆ 55ರಷ್ಟಕ್ಕಿಂತ ಕೆಳಗಿಳಿಸದೆ ಉರಿಸುತ್ತಲೇ ಇರಬೇಕು. ಆ ಒಂದೂವರೆ ರೂಪಾಯಿಯಲ್ಲೂ ಕಂಬ, ತಂತಿ, ಟಿಸಿ (ಟ್ರಾನ್ಸ್‌ಫಾರ್ಮರ್), ಸೋರಿಕೆ ಎಂದು ಪಾಲುದಾರರು ಅನೇಕರು. ಸಾಲದ್ದಕ್ಕೆ 2025ರ ಏಪ್ರಿಲ್‌ನಿಂದ ಸಿಬ್ಬಂದಿಯ ಪಿಂಚಣಿ, ಗ್ರಾಚ್ಯುಟಿಗೆಂದು ಒಂದು ಸರ್‌ಚಾರ್ಜ್ ಸೇರಿದೆ, ಮೊದಲ ವರ್ಷಕ್ಕೆ ಯೂನಿಟ್‌ಗೆ 36 ಪೈಸೆ. ಅದಕ್ಕೂ ಸೋಲಾರ್‌ಗೂ ಸಂಬಂಧವೇ ಇಲ್ಲ.

ಅಂದರೆ ಮುಂದಿನ ದಿನಗಳಲ್ಲಿ ದುಬಾರಿಯಾಗಲಿರುವುದು ಸಂಜೆ. ಹಗಲಿನದನ್ನು ಸಂಜೆಗೆ ಹಿಡಿದಿಡುವುದು ಹೇಗೆ ಎಂಬುದರ ಮೇಲೆಯೇ ಎಲ್ಲ ನಿಂತಿದೆ. ಇದು ನಮ್ಮ ಸೀಮೆಗೆ ಹೊಸ ತಲೆನೋವಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆ ಶುರುವಾದಾಗ ಗ್ರಾಹಕರಾಗಿದ್ದದ್ದು ಮಂಡ್ಯದವರೂ ಅಲ್ಲ, ಮೈಸೂರಿನವರೂ ಅಲ್ಲ. ಸುಮಾರು 147 ಕಿಲೋಮೀಟರ್ ಆಚೆಯ ಕೋಲಾರದ ಚಿನ್ನದ ಗಣಿಗಳು. ಗಣಿಗೆ ವರ್ಷವಿಡೀ ಒಂದೇ ಸಮನೆ ವಿದ್ಯುತ್ತು ಬೇಕು, ಕಾವೇರಿಯೋ ಬೇಸಿಗೆಯಲ್ಲಿ ಸೊರಗುತ್ತಾಳೆ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಲು ಇದ್ದ ಕಾರಣಗಳಲ್ಲಿ ಗದ್ದೆಗಳ ಜೊತೆಗೆ ಇದೂ ಒಂದು: ಬೇಸಿಗೆಯಲ್ಲೂ ಶಿವನಸಮುದ್ರಕ್ಕೆ ನೀರು ಬಿಟ್ಟು ಗಣಿಯ ಕರಾರು ಉಳಿಸಿಕೊಳ್ಳಬೇಕಿತ್ತು. ಕೆಆರ್‌ಎಸ್‌ಗೆ ಹೋದವರು ಬೃಂದಾವನದ ಕಾರಂಜಿ ನೋಡಿ ಬರುತ್ತಾರೆ. ವಿದ್ಯುತ್ತನ್ನು ನೀರಿನ ರೂಪದಲ್ಲಿ ಕೂಡಿಟ್ಟ ಕಣಜವೂ ಅದೇ ಎಂಬುದು ಯಾರ ತಲೆಗೂ ಹೊಳೆಯುವುದಿಲ್ಲ.

ಇಂದು ಆ ನೀರನ್ನು ಸಂಜೆ ಏಳಕ್ಕೆಂದು ಹಿಡಿದಿಡುವ ಸ್ವಾತಂತ್ರ್ಯ ಯಾರಿಗೂ ಇಲ್ಲ. ನಾಲೆಗೆ, ಬೆಂಗಳೂರಿನ ನಲ್ಲಿಗೆ, ತಮಿಳುನಾಡಿಗೆ ಎಂದು ಮೊದಲೇ ಪಾಲಾಗಿ ಹೋಗಿದೆ. ಸಂಜೆಯ ಹೊರೆ ಹೊರುವುದರಲ್ಲಿ ಶರಾವತಿಯದು ದೊಡ್ಡ ಪಾತ್ರ. ಮಳೆ ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು 2023ರಲ್ಲಿ ನೋಡಿದೆವು. ಜಲಾಶಯಗಳು ತುಂಬಲಿಲ್ಲ, ಪಂಪ್‌ಸೆಟ್‌ಗಳು ಮಳೆಗಾಲದಲ್ಲೂ ಓಡಿದವು. ಸರ್ಕಾರ ಉತ್ತರ ಪ್ರದೇಶ ಮತ್ತು ಪಂಜಾಬಿನಿಂದ ವಿದ್ಯುತ್ತನ್ನು ಕೈಗಡ ತಂದಿತು, ಹಣಕ್ಕಲ್ಲ, ಮುಂದಿನ ಮಳೆಗಾಲದಲ್ಲಿ ವಿದ್ಯುತ್ತನ್ನೇ ಹಿಂದಿರುಗಿಸುವ ಕರಾರಿನ ಮೇಲೆ. ಮಳೆಗಾಲದಲ್ಲಿ ಚಿತ್ರದುರ್ಗ, ಗದಗದ ಗಾಳಿಯಂತ್ರಗಳು ಜೋರಾಗಿ ತಿರುಗುವುದರಿಂದ ನಮಗೆ ಅದು ನಷ್ಟದ ವ್ಯಾಪಾರವಲ್ಲ. ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ (ಹಗಲು ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಸಂಜೆ ಕೆಳಗೆ ಬಿಟ್ಟು ವಿದ್ಯುತ್ತು ಪಡೆಯುವುದು) ಬೇಕೆನ್ನುವವರ ವಾದವೂ ಸಂಜೆಯದೇ. ಸಿಂಗಳೀಕಗಳ ಕಾಡನ್ನು ಅದಕ್ಕಾಗಿ ಕಡಿಯಬೇಕೇ ಎಂದರೆ ನಾನು ಬೇಡ ಎನ್ನುವವರ ಕಡೆ; ಬ್ಯಾಟರಿಯ ಬೆಲೆ ಇಳಿಯುತ್ತಿರುವಾಗ ಅವಸರವೇನು?

ಇವೆಲ್ಲಕ್ಕಿಂತ ಅಗ್ಗದ ದಾರಿಯೊಂದು ನಮ್ಮ ಹಳ್ಳಿಗಳಲ್ಲಿ ಸದ್ದಿಲ್ಲದೆ ನಡೆದಿದೆ, ಅದನ್ನು ಯಾರೂ ಕ್ರಾಂತಿ ಎನ್ನುವುದಿಲ್ಲ. ನಾಗಮಂಗಲದ ಕಡೆಯ ನಮ್ಮೂರಿನಲ್ಲಿ ಮೊದಲು ಪಂಪ್‌ಸೆಟ್‌ಗೆ ಬೇಕಾದ ತ್ರೀಫೇಸ್ ಕರೆಂಟ್ ಬರುತ್ತಿದ್ದುದು ಹೆಚ್ಚಾಗಿ ರಾತ್ರಿ. ಟಾರ್ಚ್ ಹಿಡಿದು ತೋಟಕ್ಕೆ ಹೋಗಬೇಕು, ಹಾವಿನ ಭಯ, ಈಚೀಚೆಗೆ ಚಿರತೆಯ ಭಯ. ಅದಕ್ಕೇ ಎಲ್ಲರೂ ಆಟೋ ಸ್ಟಾರ್ಟರ್ ಹಾಕಿಸಿಕೊಂಡರು. ಫಲ ಏನೆಂದರೆ, ತ್ರೀಫೇಸ್ ಬಂದ ಕ್ಷಣವೇ ಒಂದು ಟಿಸಿಯ ಕೆಳಗಿನ ಅಷ್ಟೂ ಮೋಟಾರುಗಳು ಒಟ್ಟಿಗೆ ಏಳುತ್ತಿದ್ದವು. ವೋಲ್ಟೇಜ್ ಕುಸಿದು, ಮೋಟಾರು ಏಳಲಾರದೆ ಗುಂಯ್‌ಗುಟ್ಟಿ, ಕಾಯಿಲ್ ಸುಟ್ಟು, ಮರುದಿನ ಬೈಕಿನ ಹಿಂದೆ ಕಟ್ಟಿಕೊಂಡು ರೀವೈಂಡಿಂಗ್ ಅಂಗಡಿಗೆ ಹೋಗುವುದು. ಹತ್ತು ಎಚ್‌ಪಿವರೆಗೆ ಕರೆಂಟ್ ಉಚಿತ ನಿಜ, ರೀವೈಂಡಿಂಗ್ ಉಚಿತವಲ್ಲವಲ್ಲ! ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಗಳ ಲೈನನ್ನೂ ಪಂಪ್‌ಸೆಟ್ ಲೈನನ್ನೂ ಬೇರ್ಪಡಿಸಿದ್ದರಿಂದ, ಪಾವಗಡದಂಥ ಸೋಲಾರ್ ಪಾರ್ಕ್‌ಗಳು ಬಂದ ಮೇಲೆ, ತ್ರೀಫೇಸನ್ನು ಹಗಲಿಗೆ ತರುವುದು ಸಾಧ್ಯವಾಯಿತು. ತೋಟಕ್ಕೆ ನೀರು ಬೆಳಿಗ್ಗೆ ಹತ್ತಕ್ಕೆ ಹರಿದರೂ ಒಂದೇ, ರಾತ್ರಿ ಹತ್ತಕ್ಕೆ ಹರಿದರೂ ಒಂದೇ. ಮಣ್ಣು ಹಿಡಿದಿಟ್ಟುಕೊಳ್ಳುತ್ತದೆ. 2025ರ ಬೇಸಿಗೆಯಲ್ಲಿ ರಾಜ್ಯದ ಬೇಡಿಕೆ 18 ಸಾವಿರ ಮೆಗಾವಾಟ್ ದಾಟಿತು. ಈಗ ಅಂಥ ಏರಿಕೆ ಬೀಳುವುದು ಹಗಲಿನಲ್ಲಿ, ಬಿಸಿಲಿರುವಾಗ. ಅದೇ ಹೊರೆ ರಾತ್ರಿಗೆ ಬಿದ್ದಿದ್ದರೆ ಖರೀದಿಯ ಬಿಲ್ ಎಲ್ಲಿಗೆ ಹೋಗುತ್ತಿತ್ತೋ.

ಬಿಲ್ ಇಳಿಯದಿರಲು ಇನ್ನೊಂದು ಕಾರಣ ನಾವೇ, ಅಂದರೆ ಕಾರ್ಖಾನೆಯವರು. ಹೆಚ್ಚು ದರ ಕೊಟ್ಟು ಬಡ ಗ್ರಾಹಕರ ಹೊರೆಯನ್ನೂ ಹೊರುತ್ತಿದ್ದ ದೊಡ್ಡ ಗ್ರಾಹಕರು ಓಪನ್ ಆಕ್ಸೆಸ್ ಮೂಲಕ, ಅಂದರೆ ವಿದ್ಯುತ್ ಕಂಪನಿಯ ತಂತಿಯನ್ನಷ್ಟೇ ಬಳಸಿ, ಉತ್ಪಾದಕರಿಂದ ನೇರವಾಗಿ ಸೋಲಾರ್, ಗಾಳಿ ವಿದ್ಯುತ್ತು ಕೊಳ್ಳತೊಡಗಿದರು. 2022ರ ನಿಯಮ ಹಸಿರು ವಿದ್ಯುತ್ತನ್ನು ಹೀಗೆ ಕೊಳ್ಳಲು ಇರಬೇಕಾದ ಕನಿಷ್ಠ ಲೋಡಿನ ಮಿತಿಯನ್ನು ಒಂದು ಮೆಗಾವಾಟ್‌ನಿಂದ 100 ಕಿಲೋವಾಟ್‌ಗೆ ಇಳಿಸಿತು. ನಾವು ಹೊರಟಾಗ ಸರ್‌ಚಾರ್ಜ್ ಕಟ್ಟುತ್ತೇವೆ, ಆದರೂ ಹಳೆಯ ಒಪ್ಪಂದಗಳ ನಿಗದಿತ ಶುಲ್ಕದಲ್ಲಿ ಒಂದಷ್ಟು ಉಳಿದವರ ತಲೆಯ ಮೇಲೆ ಬೀಳುತ್ತದೆ. ಇದನ್ನು ಅನ್ಯಾಯ ಎಂದರೆ ನಾನು ವಾದಿಸುವುದಿಲ್ಲ. ನನ್ನ ಸಂಬಳ ಬರುವುದು ಅದರಿಂದಲೇ.

ಈಗ ನಿಮ್ಮ ತಾರಸಿ. ಗೃಹಜ್ಯೋತಿಯಲ್ಲಿ ನಿಮಗೆ ಶೂನ್ಯ ಬಿಲ್ ಬರುತ್ತಿದ್ದರೆ ಸೋಲಾರ್ ಹಾಕಿಸಬೇಡಿ. ಶೂನ್ಯದಿಂದ ಉಳಿಸುವುದೇನನ್ನು? ಆದರೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ನಿಮ್ಮದೇ. ಏಸಿ, ವಿದ್ಯುತ್ ಸ್ಕೂಟರ್ ಎಲ್ಲ ಸೇರಿ ತಿಂಗಳಿಗೆ ಮುನ್ನೂರು ಯೂನಿಟ್ ಮೀರುತ್ತಿದ್ದರೆ ಲೆಕ್ಕ ತಲೆಕೆಳಗಾಗುತ್ತದೆ. ಮೂರು ಕಿಲೋವಾಟ್‌ನ ಘಟಕಕ್ಕೆ ಪಿಎಂ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿ ಸಹಾಯಧನವಿದೆ. ನಮ್ಮ ಬಿಸಿಲಿಗೆ ಒಂದು ಕಿಲೋವಾಟ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಪಕ್ಕದ ಮನೆಯವರು ಮೇಲೆ ಇನ್ನೊಂದು ಮಹಡಿ ಎಬ್ಬಿಸುವ ಅಂದಾಜಿನಲ್ಲಿದ್ದಾರೆಯೇ ಎಂದು ಮೊದಲೇ ವಿಚಾರಿಸಿ. ನೆರಳು ಬಿದ್ದರೆ ಯಾವ ಸಹಾಯಧನವೂ ಕೈ ಹಿಡಿಯುವುದಿಲ್ಲ. ಬಿಸಿನೀರಿಗೆ ಇನ್ನೂ ಗೀಸರ್ ಉರಿಸುತ್ತಿದ್ದರೆ, ಪ್ಯಾನೆಲ್‌ಗಿಂತ ಮೊದಲು ಸೋಲಾರ್ ವಾಟರ್ ಹೀಟರ್ ಹಾಕಿಸಿ. ಕಳೆದ ಹನ್ನೆರಡು ತಿಂಗಳ ಯೂನಿಟ್‌ಗಳನ್ನೂ ಮಂಜೂರಾದ ಲೋಡನ್ನೂ ಕೆಳಗೆ ಬರೆದು ಹಾಕಿ, ಎಷ್ಟು ವರ್ಷದಲ್ಲಿ ಅಸಲು ಹುಟ್ಟುತ್ತದೆ ಎಂದು ಲೆಕ್ಕ ಮಾಡಿ ಹೇಳುತ್ತೇನೆ.