ಕಣ್ಣಿಗೆ ಕಾಣುವ ಬಟನ್ ಸ್ಕ್ರಿಪ್ಟಿಗೆ ಯಾಕೆ ಸಿಗಲ್ಲ?

ಈ ಸಲ ಬಂದ ಪತ್ರಗಳಲ್ಲಿ ವೆಬ್ ಸ್ಕ್ರೇಪಿಂಗ್, ಅಂದರೆ ಸ್ಕ್ರಿಪ್ಟ್ ಬರೆದು ಸೈಟುಗಳಿಂದ ಮಾಹಿತಿ ತೆಗೆಯುವ ಕೆಲಸದ ಪ್ರಶ್ನೆಗಳೇ ಜಾಸ್ತಿ. ಬ್ರೌಸರನ್ನು ಸ್ಕ್ರಿಪ್ಟಿನಿಂದ ಓಡಿಸುವ ಸೆಲೆನಿಯಂ, ಪ್ಲೇರೈಟ್, ಪಪೆಟಿಯರ್ ಅಂತ ಟೂಲ್ ಬೇರೆ ಬೇರೆ, ಗೋಳು ಮಾತ್ರ ಹೆಚ್ಚುಕಮ್ಮಿ ಒಂದೇ. ಒಂದೇ ತರದವನ್ನು ಸೇರಿಸಿ ಉತ್ತರ ಬರೆದಿದ್ದೇನೆ. ಒಂದು ವಿನಂತಿ: ಎರರ್ ಕಳಿಸುವಾಗ ಪೂರ್ತಿ ಕಳಿಸಿ. "ಟೈಮ್‌ಔಟ್ ಬರ್ತಿದೆ ಸರ್, ಏನ್ ಮಾಡ್ಲಿ" ಅಂತಷ್ಟೇ ಬರೆದರೆ ನಾನು ಕಣಿ ಹೇಳಬೇಕಾಗುತ್ತದೆ.

ಪ್ರಶ್ನೆ: ಪೈಥಾನ್‌ನಲ್ಲಿ ಸೆಲೆನಿಯಂ ಬಳಸಿ ಒಂದು ಸೈಟಿನಿಂದ ಪಟ್ಟಿ ತೆಗೆಯುತ್ತಿದ್ದೇನೆ. ಹುಡುಕುವ ಬಟನ್ ಪರದೆ ಮೇಲೆ ಎದ್ದು ಕಾಣುತ್ತಿದೆ, ಆದರೂ 'ನೋ ಸಚ್ ಎಲಿಮೆಂಟ್', ಅಂದರೆ ಪುಟದಲ್ಲಿ ಅಂಥ ಎಲಿಮೆಂಟ್ (ಬಟನ್, ಲಿಂಕ್ ತರದ ಭಾಗ) ಇಲ್ಲ ಅನ್ನುತ್ತದೆ. 5 ಸೆಕೆಂಡ್ ಸುಮ್ಮನೆ ನಿಲ್ಲಿಸುವ ಸ್ಲೀಪ್ ಹಾಕಿದೆ, ಸರಿಹೋಯಿತು. ಮಾರನೇ ದಿನ ಮತ್ತೆ ಅದೇ ಕಥೆ, 10 ಮಾಡಿದೆ. ಈಗ 15ಕ್ಕೆ ಬಂದಿದೆ. ಇದಕ್ಕೆ ಕೊನೆ ಇಲ್ವಾ?

ಉತ್ತರ: ಇದೆ. ಮೊದಲು ಆ ಸ್ಲೀಪ್‌ಗಳನ್ನೆಲ್ಲ ಕಿತ್ತು ಹಾಕಿ. ಪುಟ 2 ಸೆಕೆಂಡಿಗೆ ಬಂದರೂ ನೀವು 15 ಸೆಕೆಂಡ್ ಸುಮ್ನೆ ಕೂತಿರುತ್ತೀರಿ, 16ನೇ ಸೆಕೆಂಡಿಗೆ ಬಂದರೆ ಸ್ಕ್ರಿಪ್ಟ್ ಬಿದ್ದಿರುತ್ತದೆ. ಈಗಿನ ಬಹಳಷ್ಟು ಪುಟಗಳಲ್ಲಿ ಮೊದಲು ಬರುವುದು ಬರೀ ಚೌಕಟ್ಟು. ಒಳಗಿನ ಸರಕನ್ನು ಜಾವಾಸ್ಕ್ರಿಪ್ಟ್ ಆಮೇಲೆ ತಂದು ತುಂಬುತ್ತದೆ. ಸೆಲೆನಿಯಂ ಪುಟದ ಲೋಡ್ ಮುಗಿಯುವ ತನಕ ಕಾಯುತ್ತದೆ ನಿಜ, ಆದರೆ ಅದಾದ ಮೇಲೆ ಏನೇನು ಬಂದು ಸೇರಲಿದೆ ಅನ್ನುವುದು ಅದಕ್ಕೆ ಗೊತ್ತಿಲ್ಲ.

ಹಾಗಾಗಿ ಗಡಿಯಾರ ನೋಡಿ ಕಾಯಬೇಡಿ, ಷರತ್ತು ಹಾಕಿ ಕಾಯಿರಿ. ಅದಕ್ಕೇ ವೆಬ್‌ಡ್ರೈವರ್‌ವೇಟ್ ಇರುವುದು. ಪೈಥಾನ್‌ನಲ್ಲಿ ಅದು ಅರ್ಧ ಸೆಕೆಂಡಿಗೊಮ್ಮೆ ಇಣುಕಿ ನೋಡುತ್ತದೆ, ಬೇಕಾದದ್ದು ಸಿಕ್ಕ ಕೂಡಲೇ ಮುಂದೆ ಹೋಗುತ್ತದೆ. ಷರತ್ತುಗಳಲ್ಲೂ ವ್ಯತ್ಯಾಸ ಇದೆ. 'ಪ್ರೆಸೆನ್ಸ್' ಅಂದರೆ ಎಲಿಮೆಂಟ್ ಪುಟದ ರಚನೆಯಲ್ಲಿ ಇದ್ದರೆ ಸಾಕು, ಕಾಣದಿದ್ದರೂ ಪರವಾಗಿಲ್ಲ. 'ವಿಸಿಬಿಲಿಟಿ' ಅಂದರೆ ಕಾಣಲೂ ಬೇಕು. ಕ್ಲಿಕ್ ಮಾಡಬೇಕಿದ್ದರೆ 'ಕ್ಲಿಕಬಲ್' ಹಾಕಿ. ಹೀಗೆ ಷರತ್ತು ಹಾಕಿ ಕಾಯುವುದು ಎಕ್ಸ್‌ಪ್ಲಿಸಿಟ್ ವೇಟ್. ಇದರ ಜೊತೆ ಇಂಪ್ಲಿಸಿಟ್ ವೇಟ್, ಅಂದರೆ ಎಲ್ಲ ಹುಡುಕಾಟಕ್ಕೂ ಸೇರಿಸಿ ಒಂದೇ ಸಲ ಹೇಳಿಡುವ ಕಾಯುವಿಕೆ, ಬೆರೆಸಬೇಡಿ, ಸೆಲೆನಿಯಂನವರೇ ತಮ್ಮ ಕೈಪಿಡಿಯಲ್ಲಿ ಎಚ್ಚರಿಸಿದ್ದಾರೆ: ಇಂಪ್ಲಿಸಿಟ್ 10 ಸೆಕೆಂಡ್, ಎಕ್ಸ್‌ಪ್ಲಿಸಿಟ್ 15 ಸೆಕೆಂಡ್ ಇಟ್ಟರೆ ಟೈಮ್‌ಔಟ್ 20 ಸೆಕೆಂಡಿಗೆ ಆಗಬಹುದು ಅಂತ. ಲೆಕ್ಕ ತಪ್ಪಿದ ಕಾಯುವಿಕೆ ಕಟ್ಟಿಕೊಂಡು ಏನು ಮಾಡ್ತೀರಿ?

ಇಷ್ಟಾದ ಮೇಲೂ ಸಿಗಲಿಲ್ಲ ಅಂದರೆ ಸಮಸ್ಯೆ ಸಮಯದ್ದಲ್ಲ. ಆಗ ಕೋಡ್ ದಿಟ್ಟಿಸುತ್ತಾ ಕೂರಬೇಡಿ. ಎರರ್ ಬಂದ ಆ ಕ್ಷಣದಲ್ಲೇ ಸ್ಕ್ರೀನ್‌ಶಾಟ್ ತೆಗೆದು, ಪೇಜ್ ಸೋರ್ಸ್ ಅನ್ನೂ ಒಂದು ಫೈಲಿಗೆ ಉಳಿಸುವ ಹಾಗೆ ಬರೆಯಿರಿ, ಬರೀ ಎರಡು ಸಾಲಿನ ಕೆಲಸ. ಎರರ್ ಹೇಳುವುದು ಸ್ಕ್ರಿಪ್ಟ್ ಎಲ್ಲಿ ನಿಂತಿತು ಅಂತ ಮಾತ್ರ. ಯಾಕೆ ನಿಂತಿತು ಅನ್ನುವುದು ಎಷ್ಟೋ ಸಲ ಆ ಚಿತ್ರದಲ್ಲಿ ಕಾಣುತ್ತದೆ. ನೀವು ಪಟ್ಟಿಯ ಪುಟ ಇದೆ ಅಂದುಕೊಂಡಿರುತ್ತೀರಿ, ಬ್ರೌಸರ್ ಎದುರು ಲಾಗಿನ್ ಪುಟ ಕೂತಿರುತ್ತದೆ. ಅಥವಾ ಕ್ಯಾಪ್ಚಾ. ಅಥವಾ ಬರೀ ಬಿಳಿ ಹಾಳೆ.

ಚಿತ್ರದಲ್ಲಿ ಬಟನ್ ಇದ್ದೂ ಸ್ಕ್ರಿಪ್ಟಿಗೆ ಸಿಗದಿದ್ದರೆ ಮೊದಲ ಅನುಮಾನ ಐಫ್ರೇಮ್ ಮೇಲೆ. ಪುಟದೊಳಗೆ ಇನ್ನೊಂದು ಪುಟ ಕೂರಿಸಿದ್ದರೆ ಸೆಲೆನಿಯಂ ತಾನಾಗಿ ಒಳಗೆ ಹೋಗುವುದಿಲ್ಲ. 'ಸ್ವಿಚ್ ಟು ಫ್ರೇಮ್' ಅಂತ ಹೇಳಿ ಕಳಿಸಬೇಕು, ಕೆಲಸ ಮುಗಿದ ಮೇಲೆ 'ಡಿಫಾಲ್ಟ್ ಕಂಟೆಂಟ್' ಅಂತ ಹೇಳಿ ವಾಪಸ್ ಕರೆಯಬೇಕು. ಈ ಎರಡನೆಯದನ್ನು ಮರೆತವರೇ ಜಾಸ್ತಿ. ಎರಡನೇ ಅನುಮಾನ ಶ್ಯಾಡೋ ಡಾಮ್, ಅಂದರೆ ಪುಟದ ಉಳಿದ ರಚನೆಯಿಂದ ಬೇರೆಯಾಗಿ ಮುಚ್ಚಿಟ್ಟ ಭಾಗ. ಎಲಿಮೆಂಟ್ ಹುಡುಕುವ ಎರಡು ರೀತಿಗಳಾದ ಎಕ್ಸ್‌ಪಾಥ್, ಸಿಎಸ್‌ಎಸ್ ಪೈಕಿ ಅದರೊಳಗೆ ಎಕ್ಸ್‌ಪಾಥ್ ನಡೆಯುವುದಿಲ್ಲ, ಸೆಲೆನಿಯಂ 4ರಲ್ಲಿ ಆ ಭಾಗದ ಬುಡವಾದ ಶ್ಯಾಡೋ ರೂಟ್ ಹಿಡಿದು ಸಿಎಸ್‌ಎಸ್ ಮೂಲಕ ಹುಡುಕಬೇಕು.

ಮೂರನೆಯದು ನೀವು ಕೊಟ್ಟ ಗುರುತೇ ತಪ್ಪಿರುವುದು. ನೀವು ಪತ್ರದ ಜೊತೆ ಕಳಿಸಿದ ಕೋಡಿನಲ್ಲಿ ಕ್ಲಾಸ್ ನೇಮ್ ಜಾಗದಲ್ಲಿ 'ಬಟನ್ ಪ್ರೈಮರಿ' ಅಂತ ನಡುವೆ ಖಾಲಿ ಜಾಗ ಬಿಟ್ಟು ಬರೆದಿದ್ದೀರಿ. ಅದು ಒಂದು ಕ್ಲಾಸ್ ಅಲ್ಲ, ಎರಡು. ಕ್ಲಾಸ್ ನೇಮ್ ಒಂದನ್ನೇ ತೆಗೆದುಕೊಳ್ಳುತ್ತದೆ. ಸಿಎಸ್‌ಎಸ್ ಸೆಲೆಕ್ಟರ್ ಮಾಡಿ, ಎರಡಕ್ಕೂ ಮುಂದೆ ಚುಕ್ಕಿ ಇಟ್ಟು, ನಡುವೆ ಜಾಗ ಬಿಡದೆ ಬರೆಯಿರಿ. ಬಹುಶಃ ನಿಮ್ಮ 15 ಸೆಕೆಂಡಿನ ಕಥೆಗೂ ಇದಕ್ಕೂ ಸಂಬಂಧ ಇಲ್ಲ, ಕೆಲವು ಸಲವಾದರೂ ಓಡಿದೆ ಅಂದರೆ ಅಲ್ಲಿರುವುದು ಕಾಯುವಿಕೆಯ ಸಮಸ್ಯೆಯೇ. ಆದರೆ ಅದೇ ಕೋಡಿನ ಕೆಳಗಡೆ ಇದು ನಿಮಗಾಗಿ ಕಾದು ಕೂತಿದೆ.

ಪ್ರಶ್ನೆ: ಪಟ್ಟಿಯ ಸಾಲುಗಳನ್ನೆಲ್ಲ ಒಂದು ಲಿಸ್ಟಿಗೆ ಹಾಕಿಕೊಂಡು, ಒಂದೊಂದನ್ನೇ ಕ್ಲಿಕ್ ಮಾಡಿ, ವಿವರ ತೆಗೆದು, ಬ್ಯಾಕ್ ಹೋಗುತ್ತೇನೆ. ಮೊದಲನೆಯದು ಸರಿ ಬರುತ್ತದೆ, ಎರಡನೆಯದಕ್ಕೆ 'ಸ್ಟೇಲ್ ಎಲಿಮೆಂಟ್ ರೆಫರೆನ್ಸ್' (ಹಿಡಿದಿಟ್ಟ ಎಲಿಮೆಂಟ್ ಹಳಸಿದೆ) ಅನ್ನುತ್ತದೆ. ಸಾಲು ಅಲ್ಲೇ ಇದೆಯಲ್ಲ!

ಉತ್ತರ: ಅಲ್ಲಿರುವುದು ಅದೇ ತರದ ಬೇರೆ ಸಾಲು. ಹಳೆ ಮನೆ ಕೆಡವಿ, ಅದೇ ಜಾಗದಲ್ಲಿ, ಅದೇ ನಕ್ಷೆಯಲ್ಲಿ ಹೊಸ ಮನೆ ಕಟ್ಟಿದ್ದಾರೆ, ನಿಮ್ಮ ಕೈಯಲ್ಲಿರುವುದು ಹಳೆ ಬೀಗದ ಕೀಲಿ. ನೀವು ಬ್ಯಾಕ್ ಹೋದಾಗ ಬ್ರೌಸರ್ ಪುಟವನ್ನು ಹೊಸದಾಗಿ ಕಟ್ಟುತ್ತದೆ, ಮೊದಲು ಹಿಡಿದಿಟ್ಟ ಎಲಿಮೆಂಟ್‌ಗಳೆಲ್ಲ ಅಲ್ಲಿಗೆ ಮುಗಿದವು. ಪುಟ ಬದಲಾಗದೆಯೂ ಹೀಗೆ ಆಗುತ್ತದೆ. ರಿಯಾಕ್ಟ್ ತರದ ಜಾವಾಸ್ಕ್ರಿಪ್ಟ್ ಸಲಕರಣೆಯಲ್ಲಿ ಮಾಡಿದ ಸೈಟುಗಳಲ್ಲಿ ಒಂದು ಫಿಲ್ಟರ್ ಒತ್ತಿದರೆ ಪಟ್ಟಿಯ ಭಾಗ ಮಾತ್ರ ಸದ್ದಿಲ್ಲದೆ ಬದಲಾಗಿರುತ್ತದೆ.

ನಿಮ್ಮ ಕೆಲಸಕ್ಕೆ ಸುಲಭದ ದಾರಿ ಒಂದಿದೆ. ಎಲಿಮೆಂಟ್‌ಗಳನ್ನು ಲಿಸ್ಟಿಗೆ ಹಾಕಬೇಡಿ. ಮೊದಲ ಸುತ್ತಿನಲ್ಲಿ ಪ್ರತಿ ಸಾಲಿನ ಲಿಂಕ್, ಅಂದರೆ ಎಚ್‌ರೆಫ್ ಇದೆಯಲ್ಲ, ಅದನ್ನು ಬರೀ ಅಕ್ಷರವಾಗಿ ಎತ್ತಿಟ್ಟುಕೊಳ್ಳಿ. ಎರಡನೇ ಸುತ್ತಿನಲ್ಲಿ ಒಂದೊಂದೇ ಲಿಂಕಿಗೆ ನೇರವಾಗಿ ಹೋಗಿ. ಕ್ಲಿಕ್ಕೂ ಇಲ್ಲ, ಬ್ಯಾಕೂ ಇಲ್ಲ, ಅಕ್ಷರ ಹಳಸುವುದೂ ಇಲ್ಲ. ನಡುವೆ ಕರೆಂಟ್ ಹೋದರೂ ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಶುರು ಮಾಡಬಹುದು, ಲಿಂಕುಗಳನ್ನು ಫೈಲಿಗೆ ಬರೆದಿಟ್ಟಿದ್ದರೆ. ಲಿಂಕ್ ಇಲ್ಲದ, ಬರೀ ಜಾವಾಸ್ಕ್ರಿಪ್ಟಿನಿಂದ ತೆರೆಯುವ ಸಾಲು ಆದರೆ ಪ್ರತಿ ಸಲವೂ ಹೊಸದಾಗಿ ಹುಡುಕಿ, ಎಷ್ಟನೆಯದು ಅನ್ನುವ ಸಂಖ್ಯೆ ಮಾತ್ರ ನೆನಪಿಟ್ಟುಕೊಳ್ಳಿ.

ಪ್ರಶ್ನೆ: 'ಕ್ಲಿಕ್ ಇಂಟರ್‌ಸೆಪ್ಟೆಡ್' (ಕ್ಲಿಕ್ಕಿಗೆ ಬೇರೇನೋ ಅಡ್ಡ ಬಂತು) ಎರರ್ ಬಂದಾಗ ಜಾವಾಸ್ಕ್ರಿಪ್ಟ್ ಮೂಲಕ ಕ್ಲಿಕ್ ಮಾಡಿಸಿದರೆ ಆಗುತ್ತದೆ. ಎಲ್ಲ ಕಡೆ ಹಾಗೇ ಮಾಡಿಬಿಡಲಾ?

ಉತ್ತರ: ಬೇಡ. ಇದು ಬಹಳ ಒಳ್ಳೆ ಎರರ್, ಕಾರಣವನ್ನೂ ತಾನೇ ಹೇಳುತ್ತದೆ, ಓದುವವರಿಲ್ಲ ಅಷ್ಟೆ. 'ಅದರ್ ಎಲಿಮೆಂಟ್ ವುಡ್ ರಿಸೀವ್ ದ ಕ್ಲಿಕ್' ಅಂತ ಬರೆದು, ಅದರ ಮುಂದೆ ಅಡ್ಡ ಬಂದ ಎಲಿಮೆಂಟಿನ ಹೆಸರನ್ನೇ ಕೊಟ್ಟಿರುತ್ತದೆ. ನೀವು ಕಳಿಸಿದ ಎರರ್‌ನಲ್ಲಿ ಅದು ಕುಕ್ಕಿಗಳಿಗೆ ಒಪ್ಪಿಗೆ ಕೇಳುವ ಅಡ್ಡಪಟ್ಟಿ. ಅದನ್ನು ಮೊದಲು ಮುಚ್ಚಿಸಿ, ಆಮೇಲೆ ಬಟನ್ ಒತ್ತಿ. ಇನ್ನು ಕೆಲವು ಕಡೆ ಮೇಲೆ ಅಂಟಿಕೊಂಡೇ ಇರುವ ಹೆಡರ್ ಇರುತ್ತದೆ, ಅಥವಾ ಗಿರಗಿರ ತಿರುಗುವ ಲೋಡಿಂಗ್ ಗುರುತು ಪೂರ್ತಿ ಪುಟದ ಮೇಲೆ ತೆಳ್ಳಗೆ ಹಾಸಿಕೊಂಡಿರುತ್ತದೆ. ಅದು ಮಾಯವಾಗುವ ತನಕ ಕಾಯಲು 'ಇನ್‌ವಿಸಿಬಿಲಿಟಿ' ಷರತ್ತು ಇದೆ. ಒಂದು ಮಾತು, 'ಕ್ಲಿಕಬಲ್' ಷರತ್ತು ನೋಡುವುದು ಬಟನ್ ಕಾಣುತ್ತಿದೆಯಾ, ಚಾಲೂ ಇದೆಯಾ ಅಂತ ಮಾತ್ರ. ಮೇಲೆ ಇನ್ನೇನೋ ಮುಚ್ಚಿಕೊಂಡಿದ್ದರೆ ಅದಕ್ಕೆ ತಿಳಿಯದು.

ಜಾವಾಸ್ಕ್ರಿಪ್ಟ್ ಕ್ಲಿಕ್ ಈ ಅಡ್ಡಿಗಳನ್ನೆಲ್ಲ ದಾಟಿಬಿಡುತ್ತದೆ, ಅದೇ ಅದರ ತೊಂದರೆ. ಲೋಡ್ ಆಗದ ಫಾರಂ ಕಳಿಸಿಬಿಡುತ್ತೀರಿ, ಎರರ್ ಬರಲ್ಲ, ಫೈಲಿನಲ್ಲಿ ಖಾಲಿ ಸಾಲುಗಳು ಬೀಳುತ್ತವೆ. ಎರರ್ ಬಂದು ನಿಂತ ಸ್ಕ್ರಿಪ್ಟೇ ವಾಸಿ.

ಪ್ರಶ್ನೆ: ಹಳೆ ವಿಡಿಯೋ ಪಾಠ ನೋಡಿ ಬರೆದದ್ದು. 'ಫೈಂಡ್ ಎಲಿಮೆಂಟ್ ಬೈ ಐಡಿ' ಇಲ್ಲವೇ ಇಲ್ಲ ಅನ್ನುತ್ತದೆ. ಅದನ್ನು ಸರಿ ಮಾಡಿದರೆ 'ಸೆಷನ್ ನಾಟ್ ಕ್ರಿಯೇಟೆಡ್'.

ಉತ್ತರ: ಪಾಠ ಹಳತಾಯಿತು. ಆ ಕ್ರಮವನ್ನು 2022ರಲ್ಲಿ, ಸೆಲೆನಿಯಂ 4.3ರಲ್ಲಿ ತೆಗೆದುಹಾಕಿದರು. ಈಗ 'ಫೈಂಡ್ ಎಲಿಮೆಂಟ್' ಒಂದೇ, ಹುಡುಕುವುದು ಐಡಿಯಿಂದಲೋ ಸಿಎಸ್‌ಎಸ್‌ನಿಂದಲೋ ಅನ್ನುವುದನ್ನು ಆವರಣದೊಳಗೆ 'ಬೈ' ಮೂಲಕ ಹೇಳಬೇಕು. ಎರಡನೆಯದು ಕ್ರೋಮ್ ತಾನಾಗಿ ಅಪ್‌ಡೇಟ್ ಆಗಿ, ಸೆಲೆನಿಯಂಗೂ ಕ್ರೋಮಿಗೂ ನಡುವಿನ ಕೊಂಡಿಯಾಗಿ ನೀವು ಇಳಿಸಿಟ್ಟ ಕ್ರೋಮ್‌ಡ್ರೈವರ್ ಹಿಂದೆ ಉಳಿದದ್ದರಿಂದ ಬಂದದ್ದು. 4.6ರಿಂದ ಈಚೆಗೆ ಸೆಲೆನಿಯಂ ಮ್ಯಾನೇಜರ್ ಜೊತೆಗೇ ಬರುತ್ತದೆ, ಸರಿಯಾದ ಡ್ರೈವರನ್ನು ಅದೇ ಹುಡುಕಿ ತರುತ್ತದೆ. ಸೆಲೆನಿಯಂ ಅಪ್‌ಡೇಟ್ ಮಾಡಿ, ಕೋಡಿನಲ್ಲಿ ಕೊಟ್ಟ ಡ್ರೈವರ್ ಜಾಗದ ವಿಳಾಸ ಅಳಿಸಿ, ಪಾಥ್‌ನಲ್ಲಿ, ಅಂದರೆ ಯಂತ್ರ ಪ್ರೋಗ್ರಾಂಗಳನ್ನು ಹುಡುಕುವ ಫೋಲ್ಡರುಗಳಲ್ಲಿ ಇರುವ ಹಳೆ ಡ್ರೈವರ್ ಫೈಲನ್ನೂ ತೆಗೆಯಿರಿ. ಅದು ಉಳಿದರೆ ಮತ್ತೆ ಅದನ್ನೇ ಎತ್ತಿಕೊಳ್ಳುತ್ತದೆ.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡುತ್ತದೆ. ಸರ್ವರ್ ಮೇಲೆ, ಡಾಕರ್ ಒಳಗೆ (ಪ್ರೋಗ್ರಾಂ ಓಡಿಸುವ ಪ್ರತ್ಯೇಕ ಡಬ್ಬಿ, ಅಂದರೆ ಕಂಟೇನರ್) ಹೆಡ್‌ಲೆಸ್, ಅಂದರೆ ಕಿಟಕಿ ತೋರಿಸದೆ ಬ್ರೌಸರ್ ಓಡಿಸುವ ಆಯ್ಕೆ ಹಾಕಿದರೆ ಒಂದು ಸಲ ಟ್ಯಾಬ್ ಕ್ರ್ಯಾಶ್, ಇನ್ನೊಂದು ಸಲ ಮೆನು ಸಿಗಲ್ಲ. ಕೋಡ್ ಒಂದೇ.

ಉತ್ತರ: ಕೋಡ್ ಒಂದೇ, ಪುಟ ಒಂದೇ ಅಲ್ಲ. ಕಿಟಕಿಯ ಅಳತೆ ಹೇಳದಿದ್ದರೆ ಹೆಡ್‌ಲೆಸ್ ಚಿಕ್ಕ ಪರದೆಯಲ್ಲಿ ತೆರೆದುಕೊಳ್ಳಬಹುದು, ಹಳೆ ಹೆಡ್‌ಲೆಸ್ ಕ್ರೋಮ್‌ನಲ್ಲಿ ಅದು 800 ಗುಣಿಸು 600. ಅಷ್ಟು ಚಿಕ್ಕದಕ್ಕೆ ಸೈಟು ಮೊಬೈಲ್ ರೂಪ ಕೊಟ್ಟು ಮೆನುವನ್ನು ಮೂರು ಗೆರೆಯ ಹಿಂದೆ ಅಡಗಿಸುತ್ತದೆ. ಅಳತೆಯನ್ನು 1920 ಗುಣಿಸು 1080 ಅಂತ ನೀವೇ ಹೇಳಿ. ಭಾಷೆಯನ್ನೂ ನೋಡಿ. ಬಟನ್ ಮೇಲಿನ ಪದ ಹಿಡಿದು ಹುಡುಕುತ್ತಿದ್ದರೆ, ಸರ್ವರ್‌ನ ಬ್ರೌಸರಿಗೆ ಸೈಟು ಬೇರೆ ಭಾಷೆಯಲ್ಲಿ ಬಂದಿರಬಹುದು.

ಕ್ರ್ಯಾಶ್ ಬೇರೆ ವಿಷಯ. ಡಾಕರ್ ತಾನಾಗಿ ಕೊಡುವ ಶೇರ್ಡ್ ಮೆಮೊರಿ 64 ಎಂಬಿ, ಕ್ರೋಮಿಗೆ ಅದು ಏತಕ್ಕೂ ಸಾಲದು. ಕಂಟೇನರ್ ಶುರು ಮಾಡುವಾಗ ಶೇರ್ಡ್ ಮೆಮೊರಿ ಜಾಸ್ತಿ ಮಾಡಿ, ಅದು ನಿಮ್ಮ ಕೈಯಲ್ಲಿಲ್ಲದಿದ್ದರೆ 'ಡಿಸೇಬಲ್ ಡೆವ್ ಎಸ್‌ಎಚ್‌ಎಂ ಯೂಸೇಜ್' ಆಯ್ಕೆ ಹಾಕಿ. 'ನೋ ಸ್ಯಾಂಡ್‌ಬಾಕ್ಸ್' ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ರೂಟ್ ಆಗಿ, ಅಂದರೆ ಪೂರ್ತಿ ಅಧಿಕಾರದ ಯೂಸರ್ ಆಗಿ ಓಡಿಸಿದರೆ ಕ್ರೋಮ್ ಅದಿಲ್ಲದೆ ಏಳುವುದಿಲ್ಲ, ನಿಜ. ಆದರೆ ಗೊತ್ತಿಲ್ಲದ ಸೈಟುಗಳನ್ನು ತೆರೆಯುವ ಬ್ರೌಸರಿನ ರಕ್ಷಣೆಯನ್ನೇ ಕಳಚುವುದಕ್ಕಿಂತ ಬೇರೆ ಯೂಸರ್ ಮಾಡಿ ಓಡಿಸುವುದು ಮೇಲು.

ಪ್ರಶ್ನೆ: ಸ್ವಲ್ಪ ಹೊತ್ತು ಓಡಿ ಆಮೇಲೆ 429 ಬರುತ್ತದೆ, ಈಗೀಗ 403. ಸಿಕ್ಕಿಬೀಳದ ಹಾಗೆ ಮಾಡಲು ಏನಾದರೂ ಉಪಾಯ?

ಉತ್ತರ: 429 ಅಂದರೆ ಜಾಸ್ತಿ ಕೇಳ್ತಿದ್ದೀರಿ, ನಿಧಾನ ಮಾಡಿ ಅಂತ. ಉತ್ತರದ ಜೊತೆ 'ರೀಟ್ರೈ ಆಫ್ಟರ್' ಬಂದಿದ್ದರೆ ಎಷ್ಟು ಹೊತ್ತು ಕಾಯಬೇಕು ಅಂತಲೂ ಅವರೇ ಹೇಳಿದ್ದಾರೆ, ಅದನ್ನು ಓದಿ ಅಷ್ಟು ಕಾಯಿರಿ. ಇಲ್ಲದಿದ್ದರೆ ಪ್ರತಿ ಸೋಲಿಗೂ ಅಂತರವನ್ನು ದುಪ್ಪಟ್ಟು ಮಾಡುತ್ತಾ ಹೋಗಿ. ನೀವು ನಿಲ್ಲಿಸದೆ ಬಾಗಿಲು ಬಡಿದದ್ದಕ್ಕೇ 429 ಹೋಗಿ 403, ಅಂದರೆ 'ನಿಮಗೆ ಪ್ರವೇಶ ಇಲ್ಲ', ಆಗಿರುವ ಸಾಧ್ಯತೆ ಜಾಸ್ತಿ.

ಸಿಕ್ಕಿಬೀಳದ ಉಪಾಯ ನಾನು ಹೇಳುವುದಿಲ್ಲ. ವೆಬ್‌ಡ್ರೈವರ್‌ನ ಅಧಿಕೃತ ನಿಯಮದಲ್ಲೇ ಬ್ರೌಸರ್ ತಾನು ಸ್ಕ್ರಿಪ್ಟಿನಿಂದ ಓಡುತ್ತಿದ್ದೇನೆ ಅಂತ ಸೈಟಿಗೆ ತೋರಿಸುವ ಗುರುತು ಇದೆ, ಅದನ್ನು ಮುಚ್ಚಿಡುವ ಆಟ ಮುಗಿಯುವುದೇ ಇಲ್ಲ. ಸ್ಕ್ರಿಪ್ಟುಗಳು ಎಲ್ಲಿಗೆ ಬರಬಹುದು, ಎಲ್ಲಿಗೆ ಬೇಡ ಅಂತ ಸೈಟು ಬರೆದಿಡುವ ರೋಬೋಟ್ಸ್ ಟೆಕ್ಸ್ಟ್ ಫೈಲ್ ಮತ್ತು ಅದರ ಬಳಕೆಯ ಷರತ್ತುಗಳನ್ನು ಓದಿ. ಅಧಿಕೃತ ಎಪಿಐ, ಅಂದರೆ ಪ್ರೋಗ್ರಾಂಗಳಿಗೆ ನೇರವಾಗಿ ಮಾಹಿತಿ ಕೊಡುವ ದಾರಿ, ಇದೆಯಾ ನೋಡಿ. ಬೇಡ ಅಂದಿದ್ದರೆ ಬಿಡಿ, ಬೇಕೇ ಬೇಕು ಅಂದರೆ ಅನುಮತಿ ಕೇಳಿ ಅವರಿಗೆ ಬರೆಯಿರಿ. ಅನುಮತಿ ಇರುವ ಕಡೆಯೂ ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬ್ ಒಮ್ಮೆ ತೆರೆದು ನೋಡಿ, ಪಟ್ಟಿ ಬರುವಾಗ ಎಷ್ಟೋ ಸಲ ಹಿಂದೆ ಒಂದು ಜೇಸನ್ ಉತ್ತರ (ಬರೀ ಮಾಹಿತಿ ಇರುವ ಪಠ್ಯ) ಬರುತ್ತಿರುತ್ತದೆ. ಅದನ್ನೇ ನೇರ ಕೇಳಿದರೆ ಬ್ರೌಸರೇ ಬೇಡ, ಚಿತ್ರ, ಫಾಂಟ್ ಎಲ್ಲ ಇಳಿಸುವ ಹೊರೆ ಅವರಿಗೂ ತಪ್ಪುತ್ತದೆ.

ಪ್ರಶ್ನೆ: ಇಷ್ಟೆಲ್ಲ ಕಷ್ಟ ಯಾಕೆ, ಪ್ಲೇರೈಟ್‌ಗೆ ಹೋದರೆ ಸರಿಹೋಗಲ್ವಾ?

ಉತ್ತರ: ಅರ್ಧ ಸರಿಹೋಗುತ್ತದೆ. ಸೆಲೆನಿಯಂ ಶುರುವಾದದ್ದು 2004ರಲ್ಲಿ, ಮೈಕ್ರೋಸಾಫ್ಟ್‌ನ ಪ್ಲೇರೈಟ್ ಬಂದದ್ದು 2020ರಲ್ಲಿ. ಈಗಿನ ಪುಟಗಳ ಸ್ವಭಾವ ನೋಡಿಯೇ ಅದನ್ನು ಕಟ್ಟಿದ್ದಾರೆ. ಕ್ಲಿಕ್ ಮಾಡುವ ಮೊದಲು ಬಟನ್ ಕಾಣುತ್ತಿದೆಯಾ, ಅಲುಗಾಡದೆ ನಿಂತಿದೆಯಾ, ಮೇಲೆ ಏನಾದರೂ ಮುಚ್ಚಿದೆಯಾ ಅಂತ ತಾನೇ ನೋಡಿ, 30 ಸೆಕೆಂಡ್ ತನಕ ಕಾಯುತ್ತದೆ. ಎಲಿಮೆಂಟಿನ ಗುರುತು ಹಿಡಿದಿಡುವ ಅದರ ಲೊಕೇಟರ್ ಪ್ರತಿ ಸಲ ಹೊಸದಾಗಿ ಹುಡುಕುವುದರಿಂದ ಸ್ಟೇಲ್ ಗೋಳೂ ಬಹುಮಟ್ಟಿಗೆ ಇಲ್ಲ. ಬದಲಿಗೆ 'ಸ್ಟ್ರಿಕ್ಟ್ ಮೋಡ್ ವಯೊಲೇಷನ್' ಸಿಗುತ್ತದೆ, ಅಂದರೆ ನೀವು ಕೊಟ್ಟ ಗುರುತಿಗೆ ಒಂದಕ್ಕಿಂತ ಜಾಸ್ತಿ ಎಲಿಮೆಂಟ್ ಇವೆ ಅಂತ. ಅದಕ್ಕೆ ಸುಮ್ನೆ 'ಫಸ್ಟ್' ಅಂತ ಸೇರಿಸಿ ಬಾಯಿ ಮುಚ್ಚಿಸಬೇಡಿ, ಗುರುತನ್ನೇ ಸರಿ ಮಾಡಿ. ಹೊಸದಾಗಿ ಶುರು ಮಾಡುವವರು ಪ್ಲೇರೈಟ್ ತೆಗೆದುಕೊಳ್ಳಿ. ಓಡುತ್ತಿರುವ ಸೆಲೆನಿಯಂ ಕೋಡ್ ಇದ್ದವರು ಕಾಯುವ ರೀತಿ ಸರಿ ಮಾಡಿಕೊಂಡರೆ ಸಾಕು.

ಪ್ರಶ್ನೆ: ಸ್ಕ್ರಿಪ್ಟ್ ಮುಗಿದರೂ ಟಾಸ್ಕ್ ಮ್ಯಾನೇಜರ್ ತುಂಬ ಕ್ರೋಮ್. ಮೆಮೊರಿ ತುಂಬಿ ಯಂತ್ರ ನಿಂತೇ ಹೋಗುತ್ತದೆ.

ಉತ್ತರ: 'ಕ್ಲೋಸ್' ಮುಚ್ಚುವುದು ಆ ಒಂದು ಕಿಟಕಿಯನ್ನು ಮಾತ್ರ. 'ಕ್ವಿಟ್' ಹಾಕಿ, ಅದೂ ಫೈನಲಿ ಭಾಗದೊಳಗೆ, ಆಗ ನಡುವೆ ಎರರ್ ಬಂದರೂ ಬ್ರೌಸರ್ ಮುಚ್ಚುತ್ತದೆ. ಈಗಾಗಲೇ ಉಳಿದುಹೋದವನ್ನು ಒಂದು ಸಲ ನೀವೇ ಕೊನೆಗಾಣಿಸಬೇಕು. ಎಲ್ಲ ಕ್ರೋಮ್ ಒಟ್ಟಿಗೆ ಮುಚ್ಚುವ ಕಮಾಂಡ್ ಕೊಟ್ಟರೆ ನೀವು ಇದನ್ನು ಓದುತ್ತಾ ತೆರೆದಿಟ್ಟ ಟ್ಯಾಬುಗಳೂ ಜೊತೆಗೇ ಹೋಗುತ್ತವೆ, ನೋಡಿಕೊಂಡು ಮಾಡಿ.