ಅಕ್ಕಿ ಡಬ್ಬಿಯೊಳಗಿನ ಹಾರ್ಡ್ ಡಿಸ್ಕ್

ಜುಲೈ ತಿಂಗಳ ಒಂದು ಸಂಜೆ ಕಾರವಾರದ ನನ್ನ ಆಪ್ತಸಮಾಲೋಚನೆಯ ಕೊಠಡಿಗೆ ಬಂದ ಮಹಿಳೆ ಅಂಗೈಯಲ್ಲಿದ್ದ ಮೊಬೈಲನ್ನು ಒಂದು ಗಂಟೆಯಾದರೂ ಕೆಳಗಿಡಲಿಲ್ಲ. (ಅವರ ಒಪ್ಪಿಗೆ ಪಡೆದು, ಗುರುತಿನ ವಿವರ ಬದಲಿಸಿ ಬರೆಯುತ್ತಿದ್ದೇನೆ.) ತವರು ಶಿರಸಿ ಕಡೆ. ಕರಾವಳಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ಗಣಕ ವ್ಯವಸ್ಥೆಯ ಹೊಣೆ. ನಿದ್ದೆಯಿಲ್ಲ, ಮಳೆ ಜೋರಾದರೆ ಎದೆ ಹೊಡೆದುಕೊಳ್ಳುತ್ತದೆ ಎಂದರು.

ಹಿಂದಿನ ತಿಂಗಳು ಗಾಳಿಮಳೆಗೆ ವಿದ್ಯುತ್ ಹೋಗುತ್ತಾ ಬರುತ್ತಾ ಇದ್ದ ರಾತ್ರಿ ಸರ್ವರ್ ಕೆಟ್ಟಿತ್ತು. ಯುಪಿಎಸ್ ಬ್ಯಾಟರಿ ಹಳೆಯದಾಗಿದೆ ಎಂದು ಅವರು ಎರಡು ಬಾರಿ ಹೇಳಿದ್ದರು, ಬಾಯಿಮಾತಿನಲ್ಲಿ. ಮೂರು ದಿನ ಯಾರು ಯಾವ ಪುಸ್ತಕ ಒಯ್ದರು ಎಂಬ ಲೆಕ್ಕ ಅಳಿಸಿಹೋಯಿತು. ಉಳಿದದ್ದೆಲ್ಲ ಮರಳಿ ಸಿಕ್ಕಿತು. ಏಕೆಂದರೆ ಅದರ ಒಂದು ಪ್ರತಿ ಅವರ ಅಡುಗೆಮನೆಯಲ್ಲಿತ್ತು. ಕರಾವಳಿಯ ತೇವ ತಾಗದಿರಲೆಂದು ಹಾರ್ಡ್ ಡಿಸ್ಕನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟಿದ್ದರು. ಸಭೆಯಲ್ಲಿ ಮಾತ್ರ ಕೇಳಿದ ಪ್ರಶ್ನೆ ಒಂದೇ: ಆ ಮೂರು ದಿನಗಳದ್ದು ಎಲ್ಲಿ?

"ತಪ್ಪು ನನ್ನದೇ" ಎಂದು ಅವರು ನಾಲ್ಕು ಬಾರಿ ಹೇಳಿದರು. ನಾನು ಸಮಾಧಾನ ಹೇಳಲಿಲ್ಲ, ಕೆಲಸವನ್ನು ವಿವರಿಸಲು ಕೇಳಿದೆ. ಹಳೆಯ ಕನ್ನಡ ಪುಸ್ತಕಗಳ ವಿವರಗಳನ್ನು ಯೂನಿಕೋಡ್ (ಗಣಕಗಳೆಲ್ಲ ಒಂದೇ ರೀತಿ ಓದುವ ಅಕ್ಷರ ಸಂಕೇತ) ಬರುವ ಮೊದಲಿನ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಲಾಗಿತ್ತಂತೆ. ಓದುಗ 'ಧರ್ಮ' ಎಂದು ಹುಡುಕಿದರೆ ಏನೂ ಸಿಗದು. ಪುಸ್ತಕ ಕಪಾಟಿನಲ್ಲೇ ಇರುತ್ತದೆ, ಅವನು ಇಲ್ಲವೆಂದುಕೊಂಡು ಹೋಗುತ್ತಾನೆ. ಪರಿವರ್ತಕ ತಂತ್ರಾಂಶ ಅರ್ಕಾವತ್ತಿನಲ್ಲಿ ಎಡವುತ್ತಿತ್ತು. ಒಂದೊಂದು ಅರ್ಕಾವತ್ತನ್ನೂ ಇವರು ರಾತ್ರಿ ಕುಳಿತು ತಿದ್ದಿದ್ದರು. ಅದನ್ನು ಹೇಳುವಾಗ ಧ್ವನಿ ಮೊದಲ ಬಾರಿಗೆ ಗಟ್ಟಿಯಾಯಿತು. ಇದು ಯಾರಿಗೂ ಗೊತ್ತಿಲ್ಲವೇ ಎಂದೆ. ಸುಮ್ಮನಾದರು.

ನನಗೆ ಕಂಡದ್ದು ಅಪರಾಧವಲ್ಲ. ಇಡೀ ಸಂಸ್ಥೆಯ ಹೊಣೆ ಒಂದೇ ತಲೆಯಲ್ಲಿ ಶೇಖರವಾಗಿತ್ತು. ಅವರು ಬಳಸುವ ಕೋಹಾ ಎಂಬ ಗ್ರಂಥಾಲಯ ನಿರ್ವಹಣಾ ತಂತ್ರಾಂಶ 1999ರಲ್ಲಿ ನ್ಯೂಜಿಲೆಂಡ್‌ನ ಗ್ರಂಥಾಲಯವೊಂದಕ್ಕಾಗಿ ಶುರುವಾದದ್ದು, ಉಚಿತ. ಮಾವೋರಿ ಭಾಷೆಯಲ್ಲಿ ಆ ಹೆಸರಿಗೆ ಉಡುಗೊರೆ ಎಂದರ್ಥ, ಅದೂ ನಮ್ಮ ಮದುವೆಮನೆಯ ಮುಯ್ಯಿಯಂತೆ ಮರಳಿ ಕೊಡಬೇಕಾದ ಉಡುಗೊರೆ. ಸಂಸ್ಥೆ ಉಡುಗೊರೆ ಪಡೆದಿತ್ತು, ಮುಯ್ಯಿಯನ್ನು ಇವರೊಬ್ಬರೇ ನಿದ್ದೆಗೆಟ್ಟು ತೀರಿಸುತ್ತಿದ್ದರು.

ಬ್ಯಾಟರಿಯ ವಿಷಯ ಇನ್ನು ಬಾಯಿಮಾತಿನಲ್ಲಿ ಬೇಡ, ಪತ್ರ ಬರೆದು ಸ್ವೀಕೃತಿ ಪಡೆಯಿರಿ ಎಂದೆ. ಎರಡನೆಯ ಪ್ರತಿಯನ್ನು ಕಾಲೇಜೇ ತನ್ನ ಖರ್ಚಿನಲ್ಲಿ ಬೇರೆ ಊರಿನಲ್ಲಿ ಇಡಲಿ. ಅದು ನಿಮ್ಮ ಅಕ್ಕಿಯ ಕೆಲಸವಲ್ಲ. ಸರ್ವರ್ ಕೆಟ್ಟರೆ ಮಾಡಬೇಕಾದದ್ದನ್ನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದು ಸಹಾಯಕನಿಗೆ ಕೊಡಿ, ಪ್ರತಿಯಿಂದ ಮಾಹಿತಿಯನ್ನು ಮರಳಿ ತರುವುದನ್ನು ಅವನ ಕೈಯಿಂದಲೇ ಮಾಡಿಸಿ. ರಾತ್ರಿ ಒಂಬತ್ತರ ನಂತರ ಮೊಬೈಲ್ ಪಕ್ಕದ ಕೋಣೆಯಲ್ಲಿರಲಿ. ಎದೆಬಡಿತಕ್ಕೆ ವೈದ್ಯರನ್ನೂ ಕಾಣಬೇಕೆಂದು ಒತ್ತಾಯಿಸಿದೆ. ಅದನ್ನು ಮನಸ್ಸಿನದ್ದೇ ಎಂದು ನಾನೊಬ್ಬಳೇ ತೀರ್ಮಾನಿಸುವುದು ಸರಿಯಲ್ಲ.

ನೋಟ್‌ಬುಕ್ ಬರೆಯಲು ಅವರಿಗೆ ಮೂರು ವಾರ ಹಿಡಿಯಿತು. ಬರೆದರೆ ತನ್ನ ಅಗತ್ಯವೇ ಉಳಿಯದೇನೋ ಎಂಬ ಅಂಜಿಕೆ ಎಂದು ಎರಡನೆಯ ಭೇಟಿಯಲ್ಲಿ ಅತ್ತುಕೊಂಡು ಹೇಳಿದರು. ಆ ದಿನ ಬೇರೇನೂ ಮಾತಾಡಲಿಲ್ಲ.

ಸೆಪ್ಟೆಂಬರ್‌ನಲ್ಲಿ ಮತ್ತೆ ಬಂದರು. ತವರಿಗೆ ಹೋಗಿದ್ದಾಗ ಸಹಾಯಕ ಒಮ್ಮೆ ಕರೆ ಮಾಡಿದ್ದನಂತೆ: ಏಳನೆಯ ಪುಟದಲ್ಲಿ ಒಂದು ಹೆಜ್ಜೆ ಬಿಟ್ಟುಹೋಗಿದೆ ಎಂದು. ಅದನ್ನು ಹೇಳಿ, ಮತ್ತೆ ಮಲಗಿದರಂತೆ.