ಸ್ಕ್ಯಾನ್ ರಿಪೋರ್ಟಿಗಿಂತ ಗೋಡೆಯ ಕ್ಯಾಲೆಂಡರ್ ನೋಡಿ: ಪಿಸಿಒಎಸ್ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ಪಿಸಿಒಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಜನ ಪಿಸಿಒಡಿ ಎನ್ನುವುದೂ ಇದನ್ನೇ) ಎಂದರೆ ಹಾರ್ಮೋನಿನ ಏರುಪೇರಿನಿಂದ ಅಂಡಾಣು ಸರಿಯಾಗಿ ಬಿಡುಗಡೆಯಾಗದೆ ಮುಟ್ಟು ಏರುಪೇರಾಗುವ ತೊಂದರೆ. ಇದರ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವುಗಳ ಜೊತೆ ಸ್ಕ್ಯಾನ್ ರಿಪೋರ್ಟಿನ ಫೋಟೊ ಇದೆ. ಕಳೆದ ಆರು ತಿಂಗಳಲ್ಲಿ ಮುಟ್ಟಾದ ತಾರೀಕುಗಳನ್ನು ಬರೆದು ಕಳಿಸಿದವರನ್ನು ಮಾತ್ರ ಹುಡುಕಬೇಕು. ನಮಗೆ ಮೊದಲು ಬೇಕಾಗಿದ್ದು ಆ ತಾರೀಕುಗಳೇ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಒಂದು ಗುರುತು ಹಾಕಿದರೆ ಸಾಕು.

ಮಗಳಿಗೆ 15 ವರ್ಷ. ಮೈನೆರೆದು ಎರಡು ವರ್ಷವಾಯಿತು. ಸುಮಾರು 40 ದಿನಕ್ಕೊಮ್ಮೆ ಮುಟ್ಟಾಗುತ್ತಾಳೆ. ಹೊಟ್ಟೆನೋವಿಗೆಂದು ಮಾಡಿಸಿದ ಸ್ಕ್ಯಾನ್‌ನಲ್ಲಿ ಎರಡೂ ಕಡೆ ಪಿಸಿಒಡಿ ಎಂದು ಬಂದಿದೆ. ಗಡ್ಡೆ ತೆಗೆಸಬೇಕಾಗುತ್ತದೆಯೇ? ಮುಂದೆ ಮಕ್ಕಳಾಗುತ್ತವೆಯೇ?
– ಒಬ್ಬ ತಾಯಿ, ಹಾಸನ

ತೆಗೆಸುವಂಥದ್ದು ಅಲ್ಲಿ ಏನೂ ಇಲ್ಲ. ಸ್ಕ್ಯಾನ್‌ನಲ್ಲಿ ಕಾಣುವ ಆ ಕಪ್ಪು ಚುಕ್ಕಿಗಳು ಗಡ್ಡೆಗಳಲ್ಲ, ಅಂಡಾಣು ಇರುವ ಪುಟ್ಟ ಚೀಲಗಳು. ಗಾತ್ರ 2ರಿಂದ 9 ಮಿಲಿಮೀಟರ್, ಅಂದರೆ ಸಾಸಿವೆ ಕಾಳಿನಿಂದ ಕಡಲೆಕಾಳಿನಷ್ಟು. ತಿಂಗಳಿಗೆ ಅವುಗಳಲ್ಲೊಂದು ಸುಮಾರು 20 ಮಿಲಿಮೀಟರ್‌ವರೆಗೆ ಬೆಳೆದು ಒಡೆಯುತ್ತದೆ, ಅಂಡಾಣು ಹೊರಬರುತ್ತದೆ. ಪಿಸಿಒಎಸ್ ಇದ್ದವರಲ್ಲಿ ಈ ಬೆಳವಣಿಗೆ ಅರ್ಧದಲ್ಲೇ ನಿಂತು, ಚೀಲಗಳು ಸಾಲುಗಟ್ಟಿ ಉಳಿಯುತ್ತವೆ. ತೆಗೆಸುವ ಮಾತು ಎಲ್ಲಿಂದ ಬಂತೆಂದರೆ, 1935ರಲ್ಲಿ ಶಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಏಳು ಮಹಿಳೆಯರಲ್ಲಿ ಇದನ್ನು ವಿವರಿಸಿದಾಗ ಅಂಡಾಶಯದ ಒಂದು ಭಾಗವನ್ನು ಕತ್ತರಿಸಿ ತೆಗೆಯುವುದೇ ಚಿಕಿತ್ಸೆಯಾಗಿತ್ತು. ಆ ಕಾಲ ಹೋಯಿತು, ಗಡ್ಡೆ ಅನ್ನುವ ಹೆಸರು ಮಾತ್ರ ಉಳಿದುಕೊಂಡಿತು.

ನಿಮ್ಮ ಮಗಳ ವಿಷಯದಲ್ಲಿ ಆ ಸ್ಕ್ಯಾನಿಗೆ ಬೆಲೆಯೇ ಇಲ್ಲ. ಹದಿಹರೆಯದ ಅಂಡಾಶಯ ಸಹಜವಾಗಿಯೇ ಹಾಗೆ ಕಾಣುತ್ತದೆ. ಆದ್ದರಿಂದ ಮೈನೆರೆದು 8 ವರ್ಷ ಕಳೆಯುವವರೆಗೆ ಸ್ಕ್ಯಾನ್ ನೋಡಿ ಪಿಸಿಒಎಸ್ ಎನ್ನಬಾರದು ಎಂಬುದು ಈಗ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲೇ ಇದೆ. ನೋಡಬೇಕಾದ್ದು ದಿನಗಳ ಲೆಕ್ಕ. ಮೊದಲ ವರ್ಷ ಹೇಗೆ ಬಂದರೂ ಸಹಜವೇ, ಆದರೆ ಎರಡು ಮುಟ್ಟಿನ ನಡುವೆ 90 ದಿನ ದಾಟಬಾರದು. ಒಂದರಿಂದ ಮೂರನೇ ವರ್ಷದವರೆಗೆ 21ರಿಂದ 45 ದಿನದೊಳಗೆ ಬಂದರೆ ಸರಿ. ಮೂರು ವರ್ಷದ ನಂತರ 21ರಿಂದ 35 ದಿನ. ನಿಮ್ಮ ಮಗಳ 40 ದಿನ ಅವಳ ವಯಸ್ಸಿಗೆ ಸಹಜವಾದದ್ದೇ.

ಈ ವಯಸ್ಸಿನಲ್ಲಿ ಪಿಸಿಒಎಸ್ ಎನ್ನಬೇಕಾದರೆ ಮುಟ್ಟಿನ ಏರುಪೇರು ಮತ್ತು ಗಂಡು ಹಾರ್ಮೋನ್ ಹೆಚ್ಚಾದ ಗುರುತು ಎರಡೂ ಇರಬೇಕು: ಗದ್ದ, ಎದೆ, ಹೊಕ್ಕುಳ ಕೆಳಗೆ ದಪ್ಪ ಕೂದಲು, ಗುಳಿ ಬೀಳುವಂಥ ಮೊಡವೆ ಅಥವಾ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಹೆಚ್ಚಿರುವುದು. ಹಣೆಯ ಮೇಲಿನ ನಾಲ್ಕು ಮೊಡವೆ ಲೆಕ್ಕಕ್ಕಿಲ್ಲ. ಇನ್ನೊಂದು ವರ್ಷ ತಾರೀಕು ಬರೆದಿಡಿ. ಮಕ್ಕಳಾಗುತ್ತವೋ ಇಲ್ಲವೋ ಎಂಬ ಮಾತನ್ನು ದಯವಿಟ್ಟು ಅವಳ ಎದುರು ಆಡಬೇಡಿ. ಆ ಭಯಕ್ಕೆ ಮದ್ದು ಕೊಡುವುದು ಪಿಸಿಒಎಸ್‌ಗೆ ಕೊಡುವುದಕ್ಕಿಂತ ಕಷ್ಟ.

ನನಗೆ 26. ನಾಲ್ಕು ತಿಂಗಳಿಗೊಮ್ಮೆ ಮುಟ್ಟು ಬರುತ್ತದೆ, ಬಂದರೆ ಹದಿನೈದು ದಿನ ನಿಲ್ಲುವುದಿಲ್ಲ. ಕೆಟ್ಟ ರಕ್ತ ಒಳಗೇ ಸೇರಿಕೊಂಡಿದೆ, ಎಳ್ಳು ಬೆಲ್ಲ ತಿನ್ನು ಎಂದು ಅತ್ತೆ ಹೇಳುತ್ತಾರೆ. ನಿಜವೇ?
– ಹೆಸರು ಬೇಡ, ದಾವಣಗೆರೆ

ರಕ್ತ ಒಳಗೆ ಸೇರಿಕೊಂಡಿಲ್ಲ. ಬೆಳೆದಿರುವುದು ಗರ್ಭಕೋಶದ ಒಳಪದರ. ಈಸ್ಟ್ರೋಜೆನ್ ಎಂಬ ಹಾರ್ಮೋನ್ ಆ ಪದರವನ್ನು ಬೆಳೆಸುತ್ತದೆ. ಅಂಡಾಣು ಬಿಡುಗಡೆಯಾದ ಮೇಲೆ ಬರುವ ಪ್ರೊಜೆಸ್ಟೆರಾನ್ ಅದನ್ನು ಹದಕ್ಕೆ ತಂದು ನಿಲ್ಲಿಸುತ್ತದೆ, ಅದು ಇಳಿದಾಗ ಪದರ ಒಟ್ಟಿಗೆ ಕಳಚಿ ನಾಲ್ಕೈದು ದಿನದಲ್ಲಿ ಮುಗಿಯುತ್ತದೆ. ಅಂಡಾಣು ಬಿಡುಗಡೆಯೇ ಆಗದಿದ್ದರೆ ಬೆಳೆಸುವವರುಂಟು, ತಡೆಯುವವರಿಲ್ಲ. ಪದರ ದಪ್ಪವಾಗುತ್ತಾ ಹೋಗಿ ಕೊನೆಗೆ ಅಲ್ಲಲ್ಲಿ ಚೂರುಚೂರಾಗಿ ಉದುರುತ್ತದೆ. ಹದಿನೈದು ದಿನ ನಿಲ್ಲದಿರುವುದು ಅದಕ್ಕೇ. ಹೀಗೆ ವರ್ಷಗಟ್ಟಲೆ ಬಿಟ್ಟರೆ ಆ ಪದರದಲ್ಲಿ ಕ್ಯಾನ್ಸರ್ ಆಗುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಒಟ್ಟಾರೆ ನೋಡಿದರೆ ಅಪರೂಪವೇ, ಆದರೆ ತಡೆಯಬಹುದಾದ್ದನ್ನು ಯಾಕೆ ಬಿಡಬೇಕು?

ಆದ್ದರಿಂದ ನೆನಪಿಡಬೇಕಾದ ಅಂಕಿ 90. ಇಷ್ಟು ದಿನ ಮುಟ್ಟಾಗದಿದ್ದರೆ ಮೊದಲು ಮನೆಯಲ್ಲೇ ಗರ್ಭಧಾರಣೆಯ ಪರೀಕ್ಷೆ, ಅದು ನೆಗೆಟಿವ್ ಬಂದ ಮೇಲೆ ವೈದ್ಯರ ಬಳಿ. ಸಾಮಾನ್ಯವಾಗಿ ಪ್ರೊಜೆಸ್ಟೆರಾನ್ ಬಗೆಯ ಮೆಡ್ರಾಕ್ಸಿಪ್ರೊಜೆಸ್ಟೆರಾನ್ 10 ಮಿಲಿಗ್ರಾಂ ಮಾತ್ರೆಯನ್ನು 5ರಿಂದ 10 ದಿನ ಕೊಡುತ್ತಾರೆ. ಮಾತ್ರೆ ನಿಲ್ಲಿಸಿ ಎರಡರಿಂದ ಏಳು ದಿನದೊಳಗೆ ಮುಟ್ಟಾಗುತ್ತದೆ. ಮಾತ್ರೆ ನುಂಗುತ್ತಿರುವಾಗಲೇ ಆಗಲಿಲ್ಲವಲ್ಲ ಎಂದು ಗಾಬರಿಯಾಗಬೇಡಿ. ಸದ್ಯಕ್ಕೆ ಮಗು ಬೇಡ ಎನ್ನುವವರಿಗೆ 21 ಮಾತ್ರೆಯ ಗರ್ಭನಿರೋಧಕ ಪ್ಯಾಕ್ ಇನ್ನೂ ಒಳ್ಳೆಯದು, ಮುಟ್ಟಿನ ಜೊತೆ ಮೊಡವೆ, ಕೂದಲೂ ಹತೋಟಿಗೆ ಬರುತ್ತವೆ. ಆದರೆ ಬಿಪಿ ನೋಡದೆ ಅದನ್ನು ಶುರು ಮಾಡಬಾರದು. ಕಣ್ಣ ಮುಂದೆ ಮಿಂಚು ಬಂದು ಆಮೇಲೆ ಅರೆತಲೆನೋವು ಬರುವವರಿಗೆ, ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರಿಗೆ, 35 ದಾಟಿಯೂ ಸಿಗರೇಟು ಸೇದುವವರಿಗೆ ಆ ಮಾತ್ರೆ ಬೇಡ.

ಎಳ್ಳು ಬೆಲ್ಲ ತಿನ್ನಿ, ರುಚಿಗೆ. ಅದರಿಂದ ಅಂಡಾಣು ಬಿಡುಗಡೆಯಾಗುವುದಿಲ್ಲ. ಹದಿನೈದು ದಿನ ರಕ್ತ ಹೋಗಿದೆ ಎಂದಿರಿ, ಹಿಮೋಗ್ಲೋಬಿನ್ ನೋಡಿಸಿ. ಗಂಟೆಗೊಂದು ಪ್ಯಾಡ್ ಒದ್ದೆಯಾಗುತ್ತಿದ್ದರೆ ಪತ್ರ ಬರೆಯುತ್ತ ಕೂರಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.

ವರಮಹಾಲಕ್ಷ್ಮಿ ಹಬ್ಬಕ್ಕೆ ಮುಟ್ಟು ಮುಂದೂಡುವ ಮಾತ್ರೆ ತೆಗೆದುಕೊಳ್ಳಬಹುದೇ? ನನಗೆ ಪಿಸಿಒಡಿ ಇದೆ.
– ಓದುಗರು, ತುಮಕೂರು

ನೊರೆಥಿಸ್ಟೆರೋನ್ 5 ಮಿಲಿಗ್ರಾಂ ಮಾತ್ರೆಯನ್ನು ಮುಟ್ಟಿನ ತಾರೀಕಿಗೆ ಮೂರು ದಿನ ಮೊದಲಿಂದ ದಿನಕ್ಕೆ ಮೂರು ಬಾರಿ ನುಂಗಬೇಕು. ನಿಮ್ಮ ಮುಟ್ಟಿಗೆ ತಾರೀಕೇ ಇಲ್ಲವಲ್ಲ, ಯಾವುದಕ್ಕೆ ಮೂರು ದಿನ ಮೊದಲು? ತೀರಾ ಬೇಕೆಂದರೆ ವೈದ್ಯರನ್ನು ಕೇಳಿ, ಗರ್ಭ ನಿಂತಿಲ್ಲವೆಂದು ಖಾತ್ರಿ ಮಾಡಿಕೊಂಡು ತೆಗೆದುಕೊಳ್ಳಿ. ಮೆಡಿಕಲ್ ಶಾಪಿನಲ್ಲಿ ನೇರವಾಗಿ ಕೇಳಿ ತರಬೇಡಿ.

ಲ್ಯಾಬಿನವರು ಪಿಸಿಒಎಸ್ ಪ್ಯಾಕೇಜ್ ಎಂದು ಇಪ್ಪತ್ತಕ್ಕೂ ಹೆಚ್ಚು ಪರೀಕ್ಷೆ ತೋರಿಸುತ್ತಾರೆ. ಯಾವುದು ಬೇಕು?
– ಓದುಗರು, ಬೆಂಗಳೂರು

ವಯಸ್ಕರಲ್ಲಿ ಮೂರರಲ್ಲಿ ಎರಡು ಇದ್ದರೆ ಪಿಸಿಒಎಸ್: ಮುಟ್ಟಿನ ಏರುಪೇರು, ಗಂಡು ಹಾರ್ಮೋನಿನ ಗುರುತು, ಸ್ಕ್ಯಾನ್. ಮೊದಲೆರಡೂ ಇದ್ದರೆ ಸ್ಕ್ಯಾನ್ ಬೇಡವೇ ಬೇಡ. ಆದರೆ ಇದೇ ವೇಷದಲ್ಲಿ ಬರುವ ಬೇರೆ ಕಾಯಿಲೆಗಳನ್ನು ತಳ್ಳಿಹಾಕಬೇಕು. ಅದಕ್ಕೆ ಥೈರಾಯ್ಡ್ ನೋಡುವ ಟಿಎಸ್‌ಎಚ್, ಎದೆಹಾಲಿನ ಹಾರ್ಮೋನಾದ ಪ್ರೊಲ್ಯಾಕ್ಟಿನ್, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ತೊಂದರೆ ತಿಳಿಯಲು ಬೆಳಿಗ್ಗೆ ತೆಗೆದ 17-ಹೈಡ್ರಾಕ್ಸಿ ಪ್ರೊಜೆಸ್ಟೆರಾನ್. ಜೊತೆಗೆ ಟೆಸ್ಟೋಸ್ಟೆರಾನ್, ಕೊಲೆಸ್ಟ್ರಾಲ್. ಗರ್ಭನಿರೋಧಕ ಮಾತ್ರೆ ನುಂಗುತ್ತಿರುವಾಗ ಟೆಸ್ಟೋಸ್ಟೆರಾನ್ ನೋಡಿಸಿದರೆ ಹಣ ದಂಡ, ನಿಲ್ಲಿಸಿ ಮೂರು ತಿಂಗಳಾಗಿರಬೇಕು. ಅಂಡಾಶಯವನ್ನು ನಡೆಸುವ ಎಲ್‌ಎಚ್–ಎಫ್‌ಎಸ್‌ಎಚ್ ಹಾರ್ಮೋನುಗಳ ಅನುಪಾತ, ಬರಿಹೊಟ್ಟೆಯ ಇನ್ಸುಲಿನ್ ಇವೆರಡೂ ಪ್ಯಾಕೇಜಿನಲ್ಲಿ ತಪ್ಪದೆ ಇರುತ್ತವೆ, ಚಿಕಿತ್ಸೆಯನ್ನು ಮಾತ್ರ ಬದಲಿಸುವುದಿಲ್ಲ.

ಪ್ಯಾಕೇಜಿನಲ್ಲಿ ಹೆಚ್ಚಾಗಿ ಇಲ್ಲದಿರುವುದು, ಆದರೆ ಬೇಕೇಬೇಕಾದ್ದು ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ. ರಾತ್ರಿ ಊಟವಾಗಿ ಕನಿಷ್ಠ 8 ಗಂಟೆ ಕಳೆದ ಮೇಲೆ ಒಮ್ಮೆ ರಕ್ತ ಕೊಟ್ಟು, 75 ಗ್ರಾಂ ಗ್ಲೂಕೋಸನ್ನು ಒಂದು ದೊಡ್ಡ ಲೋಟ ನೀರಿನಲ್ಲಿ ಕರಗಿಸಿ ಐದು ನಿಮಿಷದೊಳಗೆ ಕುಡಿಯಬೇಕು. ಎರಡು ಗಂಟೆ ಅಲ್ಲೇ ಕೂತಿರಬೇಕು. ಕಾಫಿ ಕುಡಿದು ಬರುತ್ತೇನೆ, ಒಂದು ಸುತ್ತು ನಡೆದು ಬರುತ್ತೇನೆ ಎಂದರೆ ಲೆಕ್ಕ ಕೆಡುತ್ತದೆ. ವಾಂತಿಯಾದರೆ ಬೇರೆ ದಿನ ಮತ್ತೆ ಮಾಡಿಸಬೇಕು. ಎರಡು ಗಂಟೆಯ ಅಂಕಿ 140ರೊಳಗಿದ್ದರೆ ಸರಿ, 140ರಿಂದ 199 ಗಡಿರೇಖೆ, 200 ಮುಟ್ಟಿದರೆ ಸಕ್ಕರೆ ಕಾಯಿಲೆ. ಬರಿಹೊಟ್ಟೆಯ ಅಂಕಿ ಚೆನ್ನಾಗಿದ್ದೂ ಎರಡು ಗಂಟೆಯದು ಏರಿರುವುದು ಪಿಸಿಒಎಸ್‌ನಲ್ಲಿ ಸಾಮಾನ್ಯ. ಫಾಸ್ಟಿಂಗ್ ಒಂದನ್ನೇ ನೋಡಿ ಸಮಾಧಾನಪಡಬಾರದು ಎನ್ನುವುದು ಇದಕ್ಕೇ.

ಅನ್ನ ಬಿಟ್ಟು ಎರಡು ಹೊತ್ತೂ ಮುದ್ದೆ ಉಣ್ಣುತ್ತಿದ್ದೇನೆ, ಬೆಳಿಗ್ಗೆ ರಾಗಿ ಗಂಜಿ. ನಾಲ್ಕು ತಿಂಗಳಾದರೂ 72 ಕೆ.ಜಿ. ಇಳಿದಿಲ್ಲ.
– ಓದುಗರು, ಮಂಡ್ಯ

ರಾಗಿಯ ಮೇಲಿನ ಅಭಿಮಾನ ನಮಗೂ ಇದೆ, ಆದರೆ ಲೆಕ್ಕ ಬೇರೆ. 100 ಗ್ರಾಂ ಅಕ್ಕಿಯಲ್ಲಿ ಪಿಷ್ಟ ಸುಮಾರು 78 ಗ್ರಾಂ, ರಾಗಿಹಿಟ್ಟಿನಲ್ಲಿ 67 ಗ್ರಾಂ. ನಾರು, ಸುಣ್ಣದಂಶ ರಾಗಿಯಲ್ಲಿ ಜಾಸ್ತಿ ನಿಜ. ಆದರೆ ಒಂದು ದೊಡ್ಡ ಮುದ್ದೆಗೆ 100 ಗ್ರಾಂ ಹಿಟ್ಟು ಹೋಗುತ್ತದೆ, ಅದನ್ನು ಅಗಿಯದೆ ನುಂಗುತ್ತೇವೆ, ಹೊಟ್ಟೆ ತುಂಬಿತೆಂದು ಗೊತ್ತಾಗುವ ಹೊತ್ತಿಗೆ ಎರಡನೆಯದು ತಟ್ಟೆಯಲ್ಲಿರುತ್ತದೆ. ನುಣ್ಣಗೆ ಬೀಸಿದ ಹಿಟ್ಟಿನ ತೆಳು ಗಂಜಿಯಂತೂ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ.

ಮುದ್ದೆ ಬಿಡಬೇಡಿ, ಕಿತ್ತಳೆ ಹಣ್ಣಿನಷ್ಟು ಮಾಡಿ, ಸುಮಾರು 60 ಗ್ರಾಂ ಹಿಟ್ಟಿನದು, ಒಂದೇ. ಬದಲಾಗಬೇಕಾದ್ದು ಪಕ್ಕದಲ್ಲಿರುವುದು. ಬಸ್ಸಾರು ಮಾಡಿದಾಗ ಬಸಿದ ಕಾಳು ಸೊಪ್ಪಿನ ಪಲ್ಯವನ್ನು ನಂಚಿಕೊಳ್ಳಲು ಒಂದು ಚಮಚ ಹಾಕಿಕೊಳ್ಳುತ್ತೇವೆ. ಅದನ್ನು ಎರಡು ಸೌಟು ಮಾಡಿ, ಮೊದಲು ಅದನ್ನೇ ತಿನ್ನಿ, ಆಮೇಲೆ ಮುದ್ದೆ. 50 ಗ್ರಾಂ ಒಣ ಹುರುಳಿಕಾಳಿನಲ್ಲಿ ಸುಮಾರು 11 ಗ್ರಾಂ ಪ್ರೊಟೀನ್ ಇದೆ, ಎರಡು ಮೊಟ್ಟೆಯಲ್ಲಿ 12. ಬೆಳಗಿನ ಗಂಜಿಯ ಜಾಗಕ್ಕೆ ಇವೆರಡರಲ್ಲೊಂದು, ಜೊತೆಗೆ ಒಂದು ದೋಸೆಯೋ ಸ್ವಲ್ಪ ಉಪ್ಪಿಟ್ಟೋ ಇರಲಿ. ಕಾಫಿಯನ್ನೂ ಎಣಿಸಿ: ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆರಡು ಚಮಚ ಸಕ್ಕರೆ ಎಂದರೆ 40 ಗ್ರಾಂ ಹತ್ತಿರ ಹೋಯಿತು. ಹಾಲು, ಗೋಧಿ ಪೂರಾ ಬಿಡಿ ಎನ್ನುವ ಪಟ್ಟಿಗಳು ಮೊಬೈಲಿನಲ್ಲಿ ಓಡಾಡುತ್ತವೆ. ಪಿಸಿಒಎಸ್‌ಗೆಂದೇ ಮೇಲಾದ ಆಹಾರಕ್ರಮ ಯಾವುದೂ ಸಾಬೀತಾಗಿಲ್ಲ, ವರ್ಷವಿಡೀ ಉಣ್ಣಲಾಗುವುದೇ ಒಳ್ಳೆಯದು.

ಗುರಿ 50 ಕೆ.ಜಿ. ಅಲ್ಲ. 72ರಲ್ಲಿ ಶೇ. 5 ಎಂದರೆ 3.6 ಕೆ.ಜಿ. ಅಷ್ಟು ಇಳಿದರೇ ಹಲವರಲ್ಲಿ ಮುಟ್ಟು ಸರಿಯಾಗತೊಡಗುತ್ತದೆ. ಟೇಪು ತೆಗೆದುಕೊಂಡು ಸೊಂಟದ ಸುತ್ತಳತೆಯನ್ನೂ ಬರೆದಿಡಿ, ನಮ್ಮವರಿಗೆ 80 ಸೆಂ.ಮೀ. ಗಡಿ. ನಡಿಗೆ ವಾರಕ್ಕೆ 150 ನಿಮಿಷ, ಮಾತಾಡಲಾಗಬೇಕು, ಹಾಡಲು ಉಸಿರು ಸಾಲಬಾರದು, ಅಷ್ಟು ವೇಗ. ವಾರಕ್ಕೆರಡು ದಿನ ಸ್ನಾಯುಗಳಿಗೆ ಕೆಲಸ: ಬಸ್ಕಿ 12ರಂತೆ ಮೂರು ಸಲ, ಗೋಡೆಗೆ ಕೈಯಿಟ್ಟು ದಂಡ ಅಷ್ಟೇ. ತಿಂದ ಸಕ್ಕರೆಯನ್ನು ಹೀರಿಕೊಳ್ಳುವ ದೊಡ್ಡ ಜಾಗ ಸ್ನಾಯುವೇ, ಅದಕ್ಕೇ ಬರೀ ನಡಿಗೆ ಸಾಲದು.

ಸಕ್ಕರೆ ಕಾಯಿಲೆ ಇಲ್ಲದಿದ್ದರೂ ಮೆಟ್‌ಫಾರ್ಮಿನ್ ಕೊಟ್ಟಿದ್ದಾರೆ. ಎರಡೇ ದಿನಕ್ಕೆ ಭೇದಿ ಶುರುವಾಗಿ ನಿಲ್ಲಿಸಿಬಿಟ್ಟೆ.
– ಓದುಗರು, ಹುಬ್ಬಳ್ಳಿ

ಪಿಸಿಒಎಸ್‌ನಲ್ಲಿ ಇನ್ಸುಲಿನ್ ಇದ್ದೂ ಸರಿಯಾಗಿ ನಾಟುವುದಿಲ್ಲ, ದೇಹ ಇನ್ನಷ್ಟು ಸುರಿಸುತ್ತದೆ. ಆ ಹೆಚ್ಚುವರಿ ಇನ್ಸುಲಿನ್ ಅಂಡಾಶಯವನ್ನು ಕೆಣಕಿ ಗಂಡು ಹಾರ್ಮೋನ್ ಮಾಡಿಸುತ್ತದೆ. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಮಖಮಲ್ಲಿನಂತೆ ದಪ್ಪಗೆ ಕಪ್ಪಾಗುವುದೂ ಅದರದೇ ಕೆಲಸ, ಎಷ್ಟು ಉಜ್ಜಿದರೂ ಹೋಗದು. ಮೆಟ್‌ಫಾರ್ಮಿನ್ ಕೊಡುವುದು ಇದಕ್ಕೆ.

ಭೇದಿಯಾಗುವುದು ಹೆಚ್ಚಾಗಿ ಮೊದಲ ದಿನವೇ ದೊಡ್ಡ ಡೋಸ್ ಶುರು ಮಾಡಿದ್ದರಿಂದ ಅಥವಾ ಬರಿಹೊಟ್ಟೆಯಲ್ಲಿ ನುಂಗಿದ್ದರಿಂದ. ವೈದ್ಯರನ್ನು ಕೇಳಿ ಹೀಗೆ ಮಾಡಿ: ರಾತ್ರಿ ಊಟದ ಜೊತೆ 500 ಮಿಲಿಗ್ರಾಂ, ಒಂದೆರಡು ವಾರ ಅಷ್ಟೇ. ಒಗ್ಗಿದ ಮೇಲೆ ಇನ್ನೊಂದು 500. ನಿಧಾನವಾಗಿ ಕರಗುವ ಎಸ್‌ಆರ್ ಮಾತ್ರೆ ಹೊಟ್ಟೆಗೆ ಹಗುರ, ಅದನ್ನು ಪುಡಿ ಮಾಡಬಾರದು. ವರ್ಷಗಟ್ಟಲೆ ನುಂಗಿದರೆ ಬಿ12 ಇಳಿಯುತ್ತದೆ, ಸಸ್ಯಾಹಾರಿಗಳು ವರ್ಷಕ್ಕೊಮ್ಮೆ ನೋಡಿಸಿಕೊಳ್ಳಿ. ಮತ್ತೊಂದು ಮಾತು: ಈ ಮಾತ್ರೆಯಿಂದ ಅಂಡಾಣು ಬಿಡುಗಡೆ ಮರಳಿ ಶುರುವಾಗಬಹುದು. ಮುಟ್ಟೇ ಬರುವುದಿಲ್ಲ, ಗರ್ಭ ಎಲ್ಲಿ ನಿಲ್ಲುತ್ತದೆ ಎಂದುಕೊಂಡು ಮೈಮರೆಯಬೇಡಿ.

ನಾನು ಸಣಕಲು, 46 ಕೆ.ಜಿ. ನನಗೂ ಪಿಸಿಒಎಸ್ ಅನ್ನುತ್ತಾರಲ್ಲ?
– ಓದುಗರು, ಉಡುಪಿ

ಬರುತ್ತದೆ. ನೀವು ತೂಕ ಇಳಿಸಬಾರದು. ಊಟ ತೀರಾ ಕಡಿಮೆಯಾಗಿ, ವ್ಯಾಯಾಮ ಅತಿಯಾಗಿ ಮುಟ್ಟು ನಿಂತಿದ್ದರೂ ಪಿಸಿಒಎಸ್ ಎಂದೇ ತಪ್ಪು ತಿಳಿಯುವುದುಂಟು, ಅದನ್ನು ವೈದ್ಯರಲ್ಲಿ ವಿಚಾರಿಸಿ.

ಗದ್ದದ ಕೂದಲಿಗೆ ವಾರಕ್ಕೊಮ್ಮೆ ಥ್ರೆಡಿಂಗ್. ಮಾತ್ರೆ ಶುರುವಾಗಿ ಎರಡು ತಿಂಗಳಾದರೂ ಕಡಿಮೆಯಾಗಿಲ್ಲ. ಲೇಸರ್ ಮಾಡಿಸಲೇ?
– ಹೆಸರು ಬೇಡ, ಮೈಸೂರು

ಎರಡು ತಿಂಗಳು ಸಾಲದು. ಈಗಾಗಲೇ ದಪ್ಪವಾದ ಕೂದಲು ತನ್ನ ಆಯಸ್ಸು ಮುಗಿಸಿ ಉದುರಬೇಕು, ಮಾತ್ರೆಯ ಫಲ ಕಾಣಲು ಆರು ತಿಂಗಳು ಬೇಕು. ಆಗಲೂ ಸಾಲದಿದ್ದರೆ ಗಂಡು ಹಾರ್ಮೋನನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ ಸೇರಿಸುತ್ತಾರೆ, ಆದರೆ ಗರ್ಭನಿರೋಧಕದ ಜೊತೆಗೆ ಮಾತ್ರ, ಯಾಕೆಂದರೆ ಗರ್ಭದಲ್ಲಿರುವ ಗಂಡು ಮಗುವಿನ ಬೆಳವಣಿಗೆಗೆ ಅದು ಅಪಾಯ.

ಲೇಸರ್ ಮಾಡಿಸಬಹುದು. ನಮ್ಮ ಗೋಧಿ, ಎಣ್ಣೆಗಪ್ಪು ಬಣ್ಣಕ್ಕೆ 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಲೇಸರ್ ಹೆಚ್ಚು ಸುರಕ್ಷಿತ. ಯಾವ ಯಂತ್ರ ಎಂದು ಕೇಳಿ, ಹೇಳಲು ತಡವರಿಸಿದರೆ ಎದ್ದು ಬನ್ನಿ. ನಾಲ್ಕರಿಂದ ಆರು ವಾರಕ್ಕೊಮ್ಮೆ, ಆರಕ್ಕಿಂತ ಹೆಚ್ಚು ಸಲ ಬೇಕಾಗುತ್ತದೆ. ಲೇಸರ್ ಸುಡುವುದು ಬೇರಿನ ಕಪ್ಪನ್ನು. ಆದ್ದರಿಂದ ಮೊದಲ ಸಲಕ್ಕೆ ನಾಲ್ಕು ವಾರ ಮುಂಚಿನಿಂದ ಥ್ರೆಡಿಂಗ್, ವ್ಯಾಕ್ಸಿಂಗ್ ನಿಲ್ಲಿಸಿ ರೇಜರ್ ಬಳಸಿ. ಬೋಳಿಸಿದರೆ ಕೂದಲು ದಟ್ಟವಾಗುತ್ತದೆ ಎನ್ನುವುದು ಸುಳ್ಳು. ಬಿಳಿ ಕೂದಲಿಗೆ ಲೇಸರ್ ನಾಟದು. ಹಾರ್ಮೋನನ್ನು ಹತೋಟಿಗೆ ತರದೆ ಬರೀ ಲೇಸರ್ ಮಾಡಿಸಿದರೆ ಕೂದಲು ಮತ್ತೆ ಬರುತ್ತದೆ.

ಕೂದಲು ಕೆಲವೇ ತಿಂಗಳಲ್ಲಿ ಏಕಾಏಕಿ ಬಂದಿದ್ದು, ಧ್ವನಿಯೂ ಗಡಸಾಗಿದ್ದರೆ ಅದು ಪಿಸಿಒಎಸ್ ಲಕ್ಷಣವಲ್ಲ. ಅಂಡಾಶಯದಲ್ಲೋ ಅಡ್ರಿನಲ್ ಗ್ರಂಥಿಯಲ್ಲೋ ಗೆಡ್ಡೆ ಇದೆಯೇ ಎಂದು ತಡಮಾಡದೆ ನೋಡಿಸಬೇಕು.

ಮದುವೆಯಾಗಿ ಎಂಟು ತಿಂಗಳು. ಮುಟ್ಟು 50–60 ದಿನಕ್ಕೆ. ಒಂದು ವರ್ಷ ಕಾಯಿರಿ ಎನ್ನುತ್ತಾರೆ.
– ದಂಪತಿ, ಶಿವಮೊಗ್ಗ

ಒಂದು ವರ್ಷ ಕಾಯುವ ಮಾತು ಮುಟ್ಟು ನಿಯಮಿತವಾಗಿರುವವರಿಗೆ. ನೀವು ಈಗಲೇ ಹೋಗಿ, ಇಬ್ಬರೂ ಹೋಗಿ. ಹೆಂಡತಿಗೆ ಒಂದು ಮಾತ್ರೆ ಕೊಡುವ ಮೊದಲು ಗಂಡನ ವೀರ್ಯ ಪರೀಕ್ಷೆಯಾಗಬೇಕು. ವರ್ಷಗಟ್ಟಲೆ ಹೆಂಡತಿಗೆ ಔಷಧಿ ನುಂಗಿಸಿ ಆಮೇಲೆ ಅದನ್ನು ಮಾಡಿಸುವ ಮನೆಗಳು ಇನ್ನೂ ಇವೆ.

ಅಂಡಾಣು ಬಿಡುಗಡೆಗೆ ಈಗ ಮೊದಲ ಆಯ್ಕೆ ಲೆಟ್ರೊಜೋಲ್. ಮುಟ್ಟಿನ ಎರಡನೇ ಅಥವಾ ಮೂರನೇ ದಿನದಿಂದ ದಿನಕ್ಕೆ 2.5 ಮಿಲಿಗ್ರಾಂ, ಐದು ದಿನ. ಇದು ಕ್ಯಾನ್ಸರ್ ಔಷಧಿ ಎಂದು ಇಂಟರ್‌ನೆಟ್‌ನಲ್ಲಿ ಓದಿ ಹೆದರುವವರಿದ್ದಾರೆ. ಸ್ತನ ಕ್ಯಾನ್ಸರಿಗೂ ಬಳಸುತ್ತಾರೆ ನಿಜ. ಬಂಜೆತನಕ್ಕೆ ಬಳಸದಂತೆ ಭಾರತದಲ್ಲಿ 2011ರಲ್ಲಿ ನಿಷೇಧವೂ ಇತ್ತು, 2017ರಲ್ಲಿ ತೆರವಾಯಿತು. ಹತ್ತು ಹನ್ನೆರಡನೇ ದಿನದಿಂದ ಸ್ಕ್ಯಾನ್‌ನಲ್ಲಿ ಚೀಲ ಬೆಳೆಯುವುದನ್ನು ನೋಡುತ್ತಾರೆ, 18–20 ಮಿಲಿಮೀಟರ್ ಆದರೆ ಸರಿಯಾದ ದಾರಿಯಲ್ಲಿದೆ. ಸ್ಕ್ಯಾನ್ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲಿ.

ಫೋಲಿಕ್ ಆ್ಯಸಿಡ್ 400 ಮೈಕ್ರೋಗ್ರಾಂ ಇಂದೇ ಶುರು ಮಾಡಿ. ಮೇಲೆ ಹೇಳಿದ ಗ್ಲೂಕೋಸ್ ಪರೀಕ್ಷೆಯನ್ನು ಗರ್ಭ ನಿಲ್ಲುವ ಮೊದಲೊಮ್ಮೆ ಮಾಡಿಸಿ, ನಿಂತ ಮೇಲೆ 24ರಿಂದ 28ನೇ ವಾರದಲ್ಲಿ ಮತ್ತೊಮ್ಮೆ. ಡಾಕ್ಟರ ಬಳಿ ಹೋಗುವಾಗ ಕಳೆದ ಆರು ಮುಟ್ಟಿನ ತಾರೀಕುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.